ತೆಲುಗಮ್ಮನ ಮೇಲೆ ನಾವು ನಡೆಸಿದ ಪತ್ತೇದಾರಿಕೆ

ಪತ್ತೇದಾರಿ ಕಾದಂಬರಿಗಳನ್ನು ಓದಿ ಕೆಟ್ಟವರ ಪೈಕಿ ನಾನೂ ಒಬ್ಬಳು ಎಂಬ ಅಂಶವನ್ನು ಆರಂಭದಲ್ಲಿಯೇ ಓದುಗರ ಅವಗಾಹನೆಗೆ ತರಬಯಸುತ್ತೇನೆ. ಕಚೇರಿಯಲ್ಲಿ ಟಿಪ್ಪಣಿ, ಜ್ಞಾಪನಗಳನ್ನು ಬರೆದು ರೂಢಿಯಿರುವ ನಾನು ಪ್ರಬಂಧವೊಂದನ್ನು ಬರೆಯುತ್ತಿರುವುದು ಇದೇ ಮೊದಲು. ವಿಷಯ ಮೊದಲು, ವಿವರಣೆ ಆಮೇಲೆ, ಕೋರಿಕೆ ಕೊನೆಗೆ ಎಂಬ ಕ್ರಮ ಕೈಗೆ ಅಂಟಿಬಿಟ್ಟಿದೆ. ಮನಸ್ಸಿನ ಸಂಗತಿಗಳು ಈ ಕ್ರಮಕ್ಕೆ ಒಗ್ಗುತ್ತವೆಯೇ ಎಂಬ ಅಳುಕಿನಿಂದಲೇ ಲೇಖನಿ ಹಿಡಿದಿದ್ದೇನೆ. ಲೋಪದೋಷಗಳಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

ನಾನು ವಾಡಿ ಜಂಕ್ಷನ್ನಿನಲ್ಲಿ ಹೈಸ್ಕೂಲು ಓದುತ್ತಿದ್ದ ಕಾಲವದು. ಅಪ್ಪ ಮುಧೋಳದಲ್ಲಿ ಶಾಲಾ ಮಾಸ್ತರರಾಗಿದ್ದು, ಅವ್ವನೂ ಅಲ್ಲಿಯೇ ಇದ್ದಳು. ನಾನು ಮಾತ್ರ ಅಪ್ಪನ ತಂದೆತಾಯಿಗಳಾದ ಮುತ್ಯಾ ಮತ್ತು ಆಯಿಯ ಬಳಿ ವಾಡಿಯಲ್ಲಿದ್ದೆ. ಮುತ್ಯಾ ಬಹಳ ವರ್ಷಗಳ ಹಿಂದೆ ಮುಧೋಳ ಬಿಟ್ಟು ಬಂದು, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಅವರ ಕಣ್ಣಿಗೆ ಪರೆ ಬಂದಿದೆ ಎಂದು ನಾವೆಲ್ಲರೂ ನಂಬಿದ್ದೆವು.

ಸ್ಟೇಷನ್ನಿನ ಹೊರಗೆ ಒಂದು ತಗಡಿನ ಅಂಗಡಿಯಲ್ಲಿ ಕಾದಂಬರಿಗಳು ಬಾಡಿಗೆಗೆ ದೊರೆಯುತ್ತಿದ್ದವು. ಅನೇಕರ ಕೈ ದಾಟಿ ಬಂದ ಆ ಪುಸ್ತಕಗಳಲ್ಲಿ ಕೊನೆಯ ಹಾಳೆಗಳು ಇರುತ್ತಿದ್ದುದು ಅಪರೂಪ. ಕೊಲೆ ಮಾಡಿದವರು ಯಾರು ಎಂಬುದನ್ನು ನಾನು ಮತ್ತು ನನ್ನ ಗೆಳತಿ ರಜಿಯಾ ನಾವೇ ತೀರ್ಮಾನಿಸಬೇಕಾಗುತ್ತಿತ್ತು. ನಮ್ಮ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸಲು ಯಾರೂ ಇರಲಿಲ್ಲವಾಗಿ, ನಮ್ಮ ಬುದ್ಧಿವಂತಿಕೆಯ ಬಗ್ಗೆ ನಮಗೆ ಅತಿಯಾದ ವಿಶ್ವಾಸ ಬೆಳೆಯಿತು. ಅಷ್ಟರಲ್ಲಿಯೇ ಪಕ್ಕದ ಮನೆಗೆ ತೆಲುಗಮ್ಮ ಬಂದಳು.

ಅನುಮಾನ ಪಡಲು ವಾಡಿಯಷ್ಟು ಅನುಕೂಲವಾದ ಊರು ಬೇರೊಂದಿರಲಾರದು. ಒಂದು ಗಾಡಿಯಿಂದ ಇಳಿದು ಇನ್ನೊಂದು ಗಾಡಿಗೆ ಕಾಯುವವರ ಊರು ಅದು. ಕಾಯುತ್ತ ಕಾಯುತ್ತ ಕೆಲವರು ಅಲ್ಲಿಯೇ ಮನೆ ಮಾಡಿರುತ್ತಾರೆ. ಯಾರ ಮೂಲವೂ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ತೆಲುಗಮ್ಮನ ಗಂಡ ತಾಂಡೂರ ಕಡೆಯವನು, ರೈಲ್ವೆಯಲ್ಲಿ ಫಿಟ್ಟರ್. ಆಕೆಗೆ ಕನ್ನಡ ಬಾರದೆಂದು ಓಣಿಯವರು ಹೇಳುತ್ತಿದ್ದರು; ಯಾರಾದರೂ ಮಾತಾಡಿಸಿದರೆ ಆಕೆ ತೆಲುಗಿನಲ್ಲಿ ಎರಡು ಮಾತಾಡಿ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದಳು. ಆದರೆ ಒಂದು ದಿನ ನಳದ ಬಳಿ ಮೂಲಿಮನೆಯ ಬಸಮ್ಮ ತನ್ನ ಅತ್ತೆಯ ಗೊರಕೆಯನ್ನು ಗೂಡ್ಸ್ ಗಾಡಿಗೆ ಹೋಲಿಸಿ ವರ್ಣಿಸುತ್ತಿದ್ದಾಗ, ಮಾತು ಮುಗಿಯುವ ಮೊದಲೇ ತೆಲುಗಮ್ಮ ನಕ್ಕುಬಿಟ್ಟಳು. ನಕ್ಕವಳು ತಕ್ಷಣ ಕೊಡ ಎತ್ತಿಕೊಂಡು ಹೊರಟುಹೋದಳು.

“ಕನ್ನಡ ಬರಲಾರ್ದಾಕಿ ನಗ್ತಾಳಂದ್ರ ಏನರ್ಥ?” ಎಂದು ರಜಿಯಾ ಪಿಸುಗುಟ್ಟಿದಳು. “ಪಕ್ಕಾ ಗಡಬಡ ಅದ.”

ಎರಡನೆಯ ಸುಳಿವು ಇನ್ನೂ ಗಂಭೀರವಾದದ್ದು. ನಮ್ಮ ಅಡುಗೆಮನೆಗೂ ಅವರ ಅಡುಗೆಮನೆಗೂ ನಡುವೆ ಇದ್ದುದು ಒಂದೇ ಗೋಡೆ. ಮುಂಜಾನೆ ಆಯಿ ಜೋಳದ ರೊಟ್ಟಿ ಬಡಿಯುವ ಸಪ್ಪಳ ಆ ಕಡೆ ಕೇಳುತ್ತಿತ್ತು, ಆಕೆಯ ಸಪ್ಪಳ ಈ ಕಡೆ. ಪ್ರತಿ ಮನೆಯ ರೊಟ್ಟಿಗೂ ತನ್ನದೇ ಆದ ತಾಳವಿರುವುದು ನಮ್ಮ ಭಾಗದವರಿಗೆ ತಿಳಿದ ವಿಷಯ. ಕಣ್ಣು ಮುಚ್ಚಿ ಓಣಿಯಲ್ಲಿ ನಡೆದರೂ ಇದು ಇಂಥವರ ಮನೆ ಎಂದು ಹೇಳಬಹುದು. ಆದರೆ ಗೋಡೆಯ ಆಚೆಯ ತಾಳ ಆಯಿಯ ತಾಳವೇ ಆಗಿತ್ತು: ಮೊದಲು ಮೆಲ್ಲಗೆ, ಆಮೇಲೆ ಅವಸರವಾಗಿ, ಕೊನೆಗೆ ಅಂಗೈಯ ಒಂದು ದೊಡ್ಡ ಏಟು. ಅಷ್ಟೇ ಅಲ್ಲ, ಆಯಿ ಒಂದು ರೊಟ್ಟಿ ಮುಗಿಸಿ ಸುಮ್ಮನಾಗುತ್ತಿದ್ದಳು. ಆಚೆ ಒಂದು ರೊಟ್ಟಿಯ ಸಪ್ಪಳ ಏಳುತ್ತಿತ್ತು. ಅದು ನಿಂತ ಮೇಲೆ ಆಯಿ ಇನ್ನೊಂದಕ್ಕೆ ಹಿಟ್ಟು ನಾದುತ್ತಿದ್ದಳು.

ರಜಿಯಾಳ ತಂದೆ ಸ್ಟೇಷನ್ನಿನಲ್ಲಿ ತಂತಿ ಕಳಿಸುವ ಕೆಲಸದಲ್ಲಿದ್ದರು. ಒಂದು ರಜೆಯ ಮುಂಜಾನೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಕಿವಿಗೊಟ್ಟು ನಿಂತ ಆಕೆಯ ಮುಖ ಬಿಳಿಚಿಕೊಂಡಿತು.

“ಇದು ತಾರ್ ಹೊಡಿಯೋದೇ. ನಮ್ಮ ಅಬ್ಬಾ ಹಿಂಗೇ ಹೊಡಿತಾರ. ಗೂಡ್ಸ್ ಗಾಡಿ ಯಾವಾಗ ಹೋಗ್ತದ, ಯಾವಾಗ ಬರ್ತದ ಅಂತ ಖಬರ್ ಕೊಡ್ಲಿಕತ್ತಾರ.”

“ಖಬರ್ ತಗೊಳ್ಳೋದು ಯಾರು? ನಮ್ಮ ಆಯಿ ಏನು?”

ರಜಿಯಾ ನನ್ನನ್ನು ಕನಿಕರದಿಂದ ನೋಡಿ, “ಮನಿಯಾಗಿನೋರ ಮ್ಯಾಲೇ ಮೊದಲು ಡೌಟ್ ಇಡಬೇಕು,” ಎಂದಳು.

ರೊಟ್ಟಿಯ ಮೂಲಕ ದೇಶದ್ರೋಹ ನಡೆಸಬಹುದೆಂದು ನಂಬಿದವರು ಜೋಳದ ನಾಡಿನಲ್ಲಿ ನಾವಿಬ್ಬರೇ ಇರಬೇಕು. ಆದರೂ ಆ ದಿನಗಳಲ್ಲಿ ನನಗೆ ನಗು ಬರಲಿಲ್ಲ. ಆಯಿ ನನ್ನಿಂದ ಏನನ್ನೋ ಬಚ್ಚಿಡುತ್ತಿದ್ದಾಳೆ ಎಂಬುದು ಸುಳ್ಳಲ್ಲವೆಂದು ಒಳಗೆ ಅನಿಸುತ್ತಿತ್ತು. ಅವಳ ಮಗ್ಗುಲಲ್ಲಿ ಮಲಗುವ ನನಗೆ ಅವಳು ಇದ್ದಕ್ಕಿದ್ದಂತೆ ದೂರದವಳಾಗಿ ಕಂಡಳು.

ಪಂಚಮಿ ಬಂತು. ಬೇವಿನ ಗಿಡದ ಕೆಳಗಿನ ನಾಗರಕಲ್ಲಿಗೆ ಹಾಲೆರೆಯಲು ಓಣಿಯ ಹೆಂಗಸರು ಸೇರಿದರು. ನಮ್ಮಲ್ಲಿ ಹಾಲೆರೆಯುವಾಗ ದೇವರ ಪಾಲು, ಗುರುವಿನ ಪಾಲು ಎಂದು ಮೊದಲು ಮಾಡಿ, ಆಮೇಲೆ ಮನೆಯವರನ್ನು ಒಬ್ಬೊಬ್ಬರನ್ನಾಗಿ ನೆನೆದು ಅವರವರ ಪಾಲಿನ ಹಾಲು ಬಿಡುವ ಪದ್ಧತಿಯಿದೆ. ಕೊಬ್ಬರಿ ಬಟ್ಟಲು ಹಿಡಿದ ಆಯಿ ಮಗನ ಪಾಲು, ಸೊಸೆಯ ಪಾಲು, ಮೊಮ್ಮಗಳ ಪಾಲು ಎಂದು ಬಾಯಿಬಿಟ್ಟು ಹೇಳಿದಳು. ಕೊನೆಗೆ ತುಟಿ ಮಾತ್ರ ಅಲುಗಿತು. ಹೆಸರಿಲ್ಲದ ಒಂದು ಪಾಲು ಕಲ್ಲಿನ ಮೇಲೆ ಇಳಿಯಿತು.

ಹೆಂಗಸರೆಲ್ಲ ಸರಿದ ಮೇಲೆ ತೆಲುಗಮ್ಮ ಬಂದಳು. ಗಿಡದ ಹಿಂದೆ ಎಳ್ಳುಂಡಿ ತಿನ್ನುತ್ತ ನಿಂತಿದ್ದ ನನ್ನನ್ನು ಆಕೆ ನೋಡಲಿಲ್ಲ. ಬಟ್ಟಲು ಬಾಗಿಸಿ, ನಮ್ಮ ಮುಧೋಳದ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು: “ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಆಯಿ ಪಾಲು. ಅಣ್ಣನ ಪಾಲು, ವೈನಿ ಪಾಲು.” ಸ್ವಲ್ಪ ತಡೆದು, “ಅಣ್ಣನ ಮಗಳ ಪಾಲು,” ಎಂದಳು. ಅಪ್ಪ ತನ್ನ ತಾಯಿಯನ್ನು ‘ಆಯಿ’ ಎಂದೇ ಕರೆಯುವುದು. ಹಾಗೆ ಕರೆಯುವ ಹಕ್ಕು ಇನ್ನೊಬ್ಬರಿಗೂ ಇತ್ತೆಂಬುದನ್ನು ನಾನು ಆವರೆಗೆ ಯೋಚಿಸಿರಲಿಲ್ಲ. ನಾನು ಯಾರನ್ನು ಕಳ್ಳಿಯೆಂದು ಹಿಂಬಾಲಿಸಿದ್ದೆನೋ ಆಕೆ ನನ್ನ ಪಾಲಿನ ಹಾಲನ್ನು ತಪ್ಪದೆ ಎರೆಯುತ್ತಿದ್ದಳು.

ಮನೆಗೆ ಬಂದಾಗ ಆಯಿ ನನ್ನ ಮುಖ ನೋಡಿಯೇ ಕೇಳಿದಳು: “ತಿಳೀತೇನು?”

“ತಿಳೀತು.”

“ನಿಮ್ಮ ಅತ್ತಿ. ನಾವು ಮುಧೋಳದಾಗ ಇದ್ದಾಗ ಬ್ಯಾರೆ ಜಾತ್ಯಾಗ ತಾನೇ ಲಗ್ನ ಮಾಡ್ಕೊಂಡು ಹೋದ್ಳು. ನಿಮ್ಮ ಮುತ್ಯಾ ಆಕಿ ಹೆಸರು ತೆಗಿಬ್ಯಾಡ್ರಿ ಅಂದ. ತೆಗಿಲಿಲ್ಲ. ಈಗ ಆಕಿ ಗಂಡಗ ಇಲ್ಲಿ ವರ್ಗಾ ಆಗ್ಯಾದ. ಆಕಿ ಮಗ್ಗುಲ ಮನಿಯಾಗ ಇದ್ದಾಳಂತ ಮುತ್ಯಾಗ ಗೊತ್ತಾತಂದ್ರ ಈ ಮನಿನೇ ಖಾಲಿ ಮಾಡಸ್ತಾನ. ಬಾಯಿ ಬಿಡಬ್ಯಾಡ ಮಗಾ.”

ಕಾದಂಬರಿಗಳಲ್ಲಿ ಪತ್ತೇದಾರನು ಎಲ್ಲರನ್ನೂ ಒಂದು ಕೋಣೆಯಲ್ಲಿ ಸೇರಿಸಿ ಗುಟ್ಟು ಒಡೆಯುತ್ತಾನೆ. ನಾನು ಸಾಕ್ಷ್ಯಾಧಾರದ ಕೊರತೆಯಿಂದ ಪ್ರಕರಣವನ್ನು ಮುಕ್ತಾಯಗೊಳಿಸಿರುವುದಾಗಿ ರಜಿಯಾಳಿಗೆ ತಿಳಿಸಿದೆ. “ನಿನ್ನ ಮಾರಿ ನೋಡಿದ್ರ ಹಂಗ ಅನಸಂಗಿಲ್ಲ,” ಎಂದಳು. ಮತ್ತೆ ಎಂದೂ ಕೇಳಲಿಲ್ಲ. ಗೆಳೆತನಕ್ಕೆ ಅದಕ್ಕಿಂತ ಹೆಚ್ಚಿನ ಪ್ರಮಾಣಪತ್ರ ನನಗೆ ಈವರೆಗೆ ದೊರೆತಿಲ್ಲ.

ಚಳಿ ಆರಂಭವಾಗುವ ಹೊತ್ತಿಗೆ ತೆಲುಗಮ್ಮನ ಗಂಡನಿಗೆ ಮತ್ತೆ ವರ್ಗಾವಣೆಯಾಯಿತು. ಈ ಸಲ ದೂರದ ಊರು. ಆಯಿ ಹಿಟ್ಟು ನಾದುತ್ತ, ನನ್ನ ಕಡೆ ನೋಡದೆ ಹೇಳಿದಳು: “ಒಂದ್ ಸಲ ಹೊಸ್ತಿಲ ದಾಟಿ ಒಳಗ ಬಂದು, ನನ್ನ ಕೈಲೇ ಉಂಡು ಹೋದ್ರ ಸಾಕಿತ್ತು ನೋಡು.”

ನಿವೃತ್ತರಾದ ಮುತ್ಯಾ ಹಗಲೆಲ್ಲ ಪಡಸಾಲೆಯ ಹೊರಸಿನ ಮೇಲೆಯೇ ಇರುತ್ತಿದ್ದರು. ಅವರನ್ನು ಒಂದು ದಿನದ ಮಟ್ಟಿಗೆ ಮನೆಯಿಂದ ಹೊರಗೆ ಕರೆದೊಯ್ಯುವುದೊಂದೇ ದಾರಿ. ಪರೀಕ್ಷೆಗೆ ಒಂದು ದೃಢೀಕರಣ ಪತ್ರ ಬೇಕಾಗಿದೆ, ಚಿತ್ತಾಪುರದ ಕಚೇರಿಗೆ ಹಿರಿಯರು ಜೊತೆಗೆ ಬರಬೇಕು ಎಂದು ಹೇಳಿದೆ. ಅತ್ತೆಯನ್ನು ಅತ್ತೆಯಂತೆ ಕಾಣಲು, ಅವಳ ತಟ್ಟೆಗೆ ಬಡಿಸಲು, ನನಗಿದ್ದುದೂ ಆ ಒಂದೇ ದಿನ ಎಂಬುದು ನೆನಪಾದದ್ದು ಗಾಡಿ ಚಲಿಸಿದ ಮೇಲೆ. ವಾಡಿಯ ಸಿಗ್ನಲ್ ಕಂಬಗಳು ಹಿಂದೆ ಸರಿಯುತ್ತಿದ್ದವು. ಈ ಹೊತ್ತಿಗೆ ಆಕೆ ಹೊಸ್ತಿಲು ದಾಟಿರಬಹುದು, ಈ ಹೊತ್ತಿಗೆ ಆಯಿ ಆಕೆಯ ತಲೆಗೆ ಎಣ್ಣೆ ಹಚ್ಚುತ್ತಿರಬಹುದು ಎಂದು ಎಣಿಸುತ್ತ ಕಿಟಕಿಗೆ ಹಣೆಯಿಟ್ಟು ಕುಳಿತೆ.

ದುರದೃಷ್ಟವಶಾತ್ ಕಚೇರಿಯ ಕೆಲಸ ಬಹಳ ಬೇಗ ಮುಗಿಯಿತು. ಸರ್ಕಾರಿ ಕೆಲಸ ವಿಳಂಬವಾಗಲಿ ಎಂದು ದೇವರಲ್ಲಿ ಬೇಡಿಕೊಂಡ ಪ್ರಜೆ ನಾನೊಬ್ಬಳೇ ಇರಬೇಕು. ಮುಂದೇನು ನೆಪ ಹೂಡಲಿ ಎಂದು ಚಡಪಡಿಸುತ್ತಿರುವಾಗ ಮುತ್ಯಾ ಅವರೇ ಹೇಳಿದರು: “ಇಲ್ಲಿತನಕ ಬಂದೀವಿ. ಸನ್ನತಿಗಿ ಹೋಗಿ ತಾಯಿ ದರ್ಶನ ಮಾಡ್ಕೊಂಡು ಬರಾಮು. ಮನಿಗಿ ಹೋಗಿ ಮಾಡೋದೇನದ?”

ಸನ್ನತಿಯಲ್ಲಿ ಭೀಮಾ ದಂಡೆಯ ಹೊಲಗಳಿಂದ ಎದ್ದುಬಂದ ಹಳೆಯ ಕೆತ್ತನೆಯ ಕಲ್ಲುಗಳಿದ್ದವು. ಕೆಲವುಗಳ ಮೇಲೆ ಸವೆದ ಅಕ್ಷರಗಳು. ಇಂಥ ಶಾಸನಗಳನ್ನು ಓದುವ ವಿದ್ವಾಂಸರು ಅಕ್ಷರ ಅಳಿದ ಜಾಗದಲ್ಲಿ ಚುಕ್ಕಿಗಳನ್ನಷ್ಟೇ ಇಟ್ಟು ಮುಂದೆ ಹೋಗುತ್ತಾರೆಂದು ನಮ್ಮ ಮಾಸ್ತರರು ಹೇಳಿದ್ದರು. ಸಾವಿರಾರು ವರ್ಷ ಹಿಂದಿನವರ ವಿಷಯದಲ್ಲಿ ಇಷ್ಟು ಸಂಯಮ ತೋರುವ ನಾವು ನೆರೆಮನೆಯವರ ವಿಷಯದಲ್ಲಿ ಮಾತ್ರ ಚುಕ್ಕಿಯಿಡಲು ಒಪ್ಪುವುದಿಲ್ಲ. ಬಿಟ್ಟ ಸ್ಥಳಗಳನ್ನೆಲ್ಲ ನಾವೇ ತುಂಬಿಬಿಡುತ್ತೇವೆ.

ಚಂದ್ರಲಾಂಬೆಯ ಗುಡಿಯ ಮುಂದೆ ಮುತ್ಯಾ ಬಳೆಯಂಗಡಿಯಲ್ಲಿ ನಿಂತರು. ಅಂಗಡಿಯವನು ಅಳತೆ ಕೇಳಿದಾಗ, ಹೆಬ್ಬೆರಳು ತೋರುಬೆರಳು ಕೂಡಿಸಿ ಒಂದು ಸುತ್ತು ಮಾಡಿ ತೋರಿಸಿದರು. ಹಸಿರು ಗಾಜಿನ ಬಳೆಗಳು. ನನಗಾಗಿ ಇರಬಹುದೆಂದು ಕೈ ಚಾಚಿದೆ.

“ನಿನಗಲ್ಲ. ನಿಮ್ಮ ಆಯಿಗಿ ಕೊಡು. ಉಡಿ ತುಂಬಲಿಕ್ಕ ಬೇಕಾಗ್ತಾವ.”

ತವರಿನಿಂದ ಹೊರಡುವ ಮಗಳಿಗೆ ಉಡಿ ತುಂಬುವ ಪದ್ಧತಿ ಗೊತ್ತಿದ್ದೂ ಈ ಮಹಾ ಪತ್ತೇದಾರಳಿಗೆ ಏನೂ ಹೊಳೆಯಲಿಲ್ಲವೆಂಬುದನ್ನು ವಿಷಾದದಿಂದ ದಾಖಲಿಸುತ್ತೇನೆ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ಆಯಿಯ ಬೈತಲೆ ನೆಟ್ಟಗಿತ್ತು. ನಡುಗುವ ಅವಳ ಕೈಗೆ ಅಷ್ಟು ನೆಟ್ಟಗೆ ಬಾಚಲು ಬರುವುದಿಲ್ಲ. ಬಳೆ ಕೊಟ್ಟು, ಮುತ್ಯಾ ಹೇಳಿದ ಮಾತನ್ನು ಹೇಳಿದೆ. ಆಯಿ ಬಳೆಗಳನ್ನು ಕಣ್ಣಿಗೆ ಒತ್ತಿಕೊಂಡಳು. “ಮುಂಜಾನಿ ಗಾಡಿಗಿ ಹೊಂಟಾರ. ಹೋಗು, ಆಕಿ ಕೈಗಿ ಏರಿಸಿ ಬಾ,” ಎಂದಳು.

ಕಟ್ಟಿಟ್ಟ ಟ್ರಂಕುಗಳ ನಡುವೆ ಆಕೆ ಕುಳಿತಿದ್ದಳು. “ಒಳಗ ಬಾರವಾ,” ಎಂದಳು, ಕನ್ನಡದಲ್ಲಿ. ಬಳೆ ಬೆರಳ ಗಿಣ್ಣು ದಾಟಲಿಲ್ಲ. ಸಾಬೂನು ಹಚ್ಚಿದರೂ ದಾಟಲಿಲ್ಲ.

“ಯಾರು ತಂದ್ರು?”

“ಮುತ್ಯಾ.”

“ಅಳತಿ ಯಾರು ಹೇಳಿದ್ರು?”

“ಯಾರೂ ಇಲ್ಲ. ಬೊಟ್ಟಿಲೇ ತೋರಿಸಿದ್ರು.”

ಆಕೆ ಆ ಬಳೆಯನ್ನು ದೀಪಕ್ಕೆ ಹಿಡಿದು ನೋಡಿದಳು. “ಮನಿ ಬಿಟ್ಟು ಹೊಂಟಾಗ ನನ್ನ ಕೈ ಇಟ್ಟೇ ಇತ್ತು. ಅಪ್ಪನ ಲೆಕ್ಕದಾಗ ನಾ ಬೆಳದೇ ಇಲ್ಲ,” ಎಂದು ನಗಲು ಹೋದಳು, ಆಗಲಿಲ್ಲ. ಆಮೇಲೆ ನನ್ನ ಕೈ ಹಿಡಿದು ಬಳೆಗಳನ್ನು ಒಂದೊಂದಾಗಿ ಏರಿಸಿದಳು. ನನಗೆ ಸರಿಯಾಗಿ ಕೂತವು.

“ಬರ್ತೀನಿ ಅತ್ತಿ,” ಎಂದೆ.

“ಇನ್ನೊಂದ್ ಸಲ ಅನ್ನು.”

ಅಂದೆ. ಆ ಮಾತನ್ನು ಮುಂದೆಂದೂ ಅವಳೆದುರು ಅನ್ನುವ ಯೋಗ ನನಗೆ ಬರಲಿಲ್ಲ.

ಪಡಸಾಲೆಯಲ್ಲಿ ಮುತ್ಯಾ ಹೊರಸಿನ ಮೇಲೆ ಮಲಗಿದ್ದರು. ನನ್ನ ಕೈಯ ಬಳೆಯ ಸಪ್ಪಳ ಕೇಳಿ, ಕಣ್ಣು ತೆರೆಯದೆಯೇ ಕೇಳಿದರು: “ಸಣ್ಣವಾದ್ವೇನು?”

“ಹೂಂ ಮುತ್ಯಾ.”

“ಕೈ ಹ್ಯಾಂಗ ಅವ?”

“ಭಾಳ ದುಡಿದ ಕೈ ಅವ. ಆಯಿ ಕೈ ಇದ್ದಂಗ.”

ಅವರು ಮಗ್ಗುಲು ಬದಲಿಸಿ ಮಲಗಿದರು. ಮುಂಜಾನೆ ಟಾಂಗಾ ಬಂದಾಗಲೂ ಹೊರಗೆ ಬರಲಿಲ್ಲ. ಒಂದು ಗುಟ್ಟನ್ನು ಒಂದೇ ಸೂರಿನಡಿ ಮೂವರೂ ಪರಸ್ಪರರಿಂದ ಇಷ್ಟು ದಕ್ಷತೆಯಿಂದ ಕಾಪಾಡಿದ್ದನ್ನು ನೆನೆದರೆ, ಕಚೇರಿಯ ಗೋಪ್ಯ ಕಡತಗಳ ವ್ಯವಸ್ಥೆ ನನಗೆ ಈಗ ತೀರಾ ಸಡಿಲವಾಗಿ ಕಾಣುತ್ತದೆ. ಒಬ್ಬರಾದರೂ ಸ್ವಲ್ಪ ಅಜಾಗರೂಕತೆ ತೋರಿದ್ದರೆ ಅತ್ತೆ ಮುತ್ಯಾನ ಎದುರಿಗೆ ಒಮ್ಮೆ ಕುಳಿತು ಉಣ್ಣಬಹುದಾಗಿತ್ತು.

ಕೆಲವು ದಿನಗಳ ಮೇಲೆ ಪಕ್ಕದ ಮನೆಗೆ ಹೊಸಬರು ಬಂದರು. ಅವರ ಸಾಮಾನು ಇನ್ನೂ ಗಾಡಿಯಿಂದ ಇಳಿಯುತ್ತಿರುವಾಗಲೇ ಮುತ್ಯಾ ಹೊರಸಿನಿಂದ ಎದ್ದು ಕುಳಿತು, ಇವರು ಯಾರು, ಯಾವ ಊರಿನವರು, ಯಾರ ಪೈಕಿ, ಗಂಡಸು ಏನು ಕೆಲಸದಲ್ಲಿದ್ದಾನೆ ಎಂದು ಆಯಿಯನ್ನು ವಿಚಾರಿಸತೊಡಗಿದರು. ಓಣಿಗೆ ಯಾರೇ ಬಂದರೂ ಅವರು ಕೇಳುವ ಪ್ರಶ್ನೆಗಳೇ ಅವು. ತೆಲುಗಮ್ಮ ನಮ್ಮ ಗೋಡೆಗೆ ಗೋಡೆ ಹಚ್ಚಿ ಇದ್ದಷ್ಟು ಕಾಲ ಅವುಗಳಲ್ಲಿ ಒಂದನ್ನೂ ಅವರು ಕೇಳಿರಲಿಲ್ಲ. ಜನ ಕೇಳಿದ್ದು, ಆಡಿದ್ದು, ಮಾಡಿದ್ದನ್ನು ಗಮನಿಸಲು ಬಾಡಿಗೆಯ ಕಾದಂಬರಿಗಳು ನನಗೆ ಕಲಿಸಿದ್ದವು. ಒಬ್ಬ ಮನುಷ್ಯ ಕೇಳದೆ ಉಳಿಸಿಕೊಂಡದ್ದನ್ನು ಗಮನಿಸಲು ಕಲಿತದ್ದು ಆ ಸಂಜೆ.