ತಾಮ್ರದ ಮೇಲಿನ ಪ್ಲಾಸ್ಟಿಕ್ಕು

ಕೆಲಸದಲ್ಲಿದ್ದಷ್ಟು ಕಾಲವೂ ನಾನು ನಂಜನಗೂಡು, ಟಿ. ನರಸೀಪುರದ ಕಡೆಯ ಬಸ್ಸುಗಳನ್ನು ಹತ್ತಿಳಿದು ಟಿಕೆಟ್ ತಪಾಸಣೆ ಮಾಡಿದವನು. ಟಿಕೆಟ್ ಇಲ್ಲದವನು ಯಾರೆಂದು ಕೇಳುವ ಮೊದಲೇ ನನಗೆ ತಿಳಿಯುತ್ತಿತ್ತು. ಅವನು ಕಿಟಕಿಯಾಚೆ ನೋಡುತ್ತಿರುತ್ತಾನೆ. ನಿವೃತ್ತಿಯಾದ ಮೇಲೂ ಆ ಚಾಳಿ ಹೋಗಿಲ್ಲ. ಹಾಲಿನವನು ಎಂದಿಗಿಂತ ಹೆಚ್ಚು ನಕ್ಕರೆ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. “ದೇವ್ರೇ ಬಂದು ವರ ಕೊಟ್ರೂ ಹಿಂದೆ ಮುಂದೆ ತಿರುಗ್ಸಿ ನೋಡ್ತೀರಿ ನೀವು” ಎಂದು ಹೆಂಡತಿ ಹಂಗಿಸುತ್ತಾಳೆ. ನೋಡಿದರೆ ತಪ್ಪೇನು? ವರ ಕೊಟ್ಟವರಿಗೆ ಅದರಿಂದ ನಷ್ಟವಿಲ್ಲವಲ್ಲ.

ಹೀಗಿರುವ ನನ್ನ ಮನೆಗೆ ಮಗಳನ್ನು ನೋಡಲು ನರಸೀಪುರದಿಂದ ಒಂದು ಗಂಡು ಬಂತು. ಹುಡುಗ ಅಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ನನ್ನ ಮಗಳು ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೋ ತೆಗೆದು, ಮನೆಯಲ್ಲೇ ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿ ಕೊಡುತ್ತಾಳೆ. ಕಲಿತದ್ದು ತಾನಾಗಿ, ಗಿರಾಕಿಗಳನ್ನು ಹುಡುಕಿಕೊಂಡದ್ದೂ ತಾನಾಗಿ. ಅಂದು ಹುಡುಗನ ತಾಯಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, “ಮದ್ವೆ ಆದ್ಮೇಲೂ ಇಂಗೇ ಕ್ಯಾಮ್ರಾ ಇಡ್ಕಂಡು ಊರೂರು ಸುತ್ತೀಯಾ ಕಣವ್ವ?” ಎಂದು ಕೇಳಿದರು. ಮಗಳು “ಹೂಂ, ಸುತ್ತೀನಿ” ಎಂದುಬಿಟ್ಟಳು. ಆಕೆ ಮಗನ ಮುಖ ನೋಡಿದರು. ಆಗ ಹುಡುಗ, “ನಂದೇನೂ ಅಭ್ಯಂತ್ರ ಇಲ್ಲ. ಅವರ ಕೆಲ್ಸ ಅವ್ರು ಮಾಡ್ಲಿ” ಎಂದ.

ಮಗಳ ಮುಖ ಅರಳಿತು. ಅವಳಿಗೆ ಬೇಕಿದ್ದದ್ದು ಅದೊಂದೇ ಮಾತು. ಅದಕ್ಕಾಗಿಯೇ ಹಿಂದೆ ಬಂದ ಒಳ್ಳೊಳ್ಳೆಯ ಸಂಬಂಧಗಳನ್ನು ಬೇಡವೆಂದಿದ್ದಳು. ನನಗೆ ಮಾತ್ರ ಒಳಗೊಳಗೇ ಕಸಿವಿಸಿ. ಇಷ್ಟು ಸಲೀಸಾಗಿ ಒಪ್ಪಿದವನು ನಾಳೆಯೂ ಇದೇ ಮಾತಿಗೆ ನಿಲ್ಲುತ್ತಾನೆಯೇ? ಬಾಯಲ್ಲಿ ಹೇಳುವುದಕ್ಕೇನು, ಯಾರು ಬೇಕಾದರೂ ಹೇಳುತ್ತಾರೆ.

ಅದೇ ಹೊತ್ತಿಗೆ ಮಗಳು ಹೊಸ ಕಂಪ್ಯೂಟರಿನ ಬಿಡಿಭಾಗಗಳನ್ನು ತರಿಸಿದ್ದಳು. ಅವನ್ನು ಹುಡುಗನ ಕೈಲೇ ಜೋಡಿಸಿಸೋಣ ಎಂದು ನಾನೇ ಮಾತು ತೆಗೆದೆ.

“ನಂಗೇ ಬರುತ್ತೆ ಕಣಪ್ಪ, ಅವರನ್ಯಾಕೆ ಕರಿತೀಯ?” ಎಂದಳು ಮಗಳು.

“ಬತ್ತದೆ ಅಂತ ನಂಗೂ ಗೊತ್ತು. ಆ ಹುಡ್ಗನ ಕೈ ಎಂಗದೆ ಅಂತ ನೋಡ್ಬೇಕು. ಬಾಯಿ ಎಂಗದೆ ಅಂತ ಆಗ್ಲೇ ನೋಡಿವ್ನಿ.”

“ನೋಡ್ಕೊ. ಟಿಕೆಟ್ ಒಂದು ಕೇಳ್ಬೇಡ” ಎಂದು ನಕ್ಕು, ಭಾನುವಾರ ಬೆಳಿಗ್ಗೆ ದೇವನೂರಿನ ನಾಮಕರಣವೊಂದಕ್ಕೆ ಕ್ಯಾಮೆರಾ ಹೆಗಲಿಗೇರಿಸಿ ಹೊರಟಳು.

ಹುಡುಗ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಅದೂ ನನಗೆ ಸಂಶಯವೇ. ರಿಪೇರಿಯವರು ಹೇಳಿದ ಹೊತ್ತಿಗೆ ಬರುವುದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಚಪ್ಪಲಿ ಬಿಟ್ಟು, ಕೈತೊಳೆದು, ಚಾಪೆಯ ಮೇಲೆ ಡಬ್ಬಿಗಳನ್ನು ಹರಡಿಕೊಂಡು ಕೂತ. ನಾನು ಎದುರಿಗೆ ಕುರ್ಚಿ ಹಾಕಿಕೊಂಡೆ. ಹೆಂಡತಿ ಅಡುಗೆಮನೆಯಿಂದ ಕಣ್ಣು ಬಿಟ್ಟು ಎದ್ದು ಬರುವಂತೆ ಸನ್ನೆ ಮಾಡಿದಳು. ನಾನು ನೋಡಲಿಲ್ಲ ಎಂಬಂತೆ ಕೂತೆ.

ಕೊನೆಗೆ ಅವನು ಒಂದು ಉದ್ದನೆಯ ಡಬ್ಬಿ ತೆರೆದ. ಅದರಿಂದ ಹೊರಬಂದದ್ದು ಜಾಲರಿ ಜಾಲರಿಯ ಒಂದು ಹಲಗೆ, ಅದಕ್ಕೆ ಎರಡು ಕಪ್ಪು ಪೈಪು, ಪೈಪಿನ ತುದಿಗೆ ಮುಷ್ಟಿಗಾತ್ರದ ಒಂದು ಬಿಲ್ಲೆ.

“ಇದೇನಪ್ಪ?”

“ಲಿಕ್ವಿಡ್ ಕೂಲರ್ ಸಾ. ಪ್ರೊಸೆಸರ್ ಬಿಸಿ ಆಯ್ತದಲ್ಲ, ಅದ್ರ ಮ್ಯಾಲೆ ಈ ಪಂಪು ಕೂರ್ತದೆ. ಒಳಗೆ ನೀರು ಓಡಾಡಿ ಬಿಸೀನ ಎಳ್ಕಂಡು ಈ ರೇಡಿಯೇಟರ್‌ಗೆ ತತ್ತದೆ. ಫ್ಯಾನು ಅದ್ನ ತಣ್ಣಗೆ ಮಾಡ್ತದೆ.”

ರೇಡಿಯೇಟರ್ ಎಂದರೆ ನನಗೆ ಹೊಸದಲ್ಲ. ಬಸ್ಸಿನದು ಕುದಿದು ಹೊಗೆಯಾಡಿ, ತಾಂಡವಪುರದ ಹತ್ತಿರ ಡ್ರೈವರು ಕೊಡ ಹಿಡಿದು ನೀರಿಗೆ ಅಲೆದದ್ದನ್ನು ಕಂಡವನು ನಾನು. “ನೀರು ಎಲ್ಲಿಂದ ಹಾಕದು?” ಎಂದೆ.

“ಆಕಂಗಿಲ್ಲ ಸಾ. ಒಳಗೇ ತುಂಬಿ ಸೀಲ್ ಮಾಡವ್ರೆ.”

“ಸೋರುದ್ರೆ?”

“ಸೋರಲ್ಲ ಸಾ.”

ಸೋರಲ್ಲ ಎಂದು ಹೇಳುವವರ ಮೇಲೆಯೇ ನನಗೆ ಹೆಚ್ಚು ಗುಮಾನಿ. ಕರೆಂಟಿನ ಪೆಟ್ಟಿಗೆಯೊಳಗೆ ನೀರು ಬಿಟ್ಟು, ಅದೂ ಮುಚ್ಚಳ ತೆಗೆದು ನೋಡಲಾಗದ ನೀರು, ಸೋರಲ್ಲ ಎಂದರೆ ನಂಬಲು ನಾನೇನು ನಿನ್ನೆ ಹುಟ್ಟಿದವನೇ? ಕೈಯಲ್ಲಿ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದೆ. ಗುಳುಗುಳು ಎಂದಿತು. ಹುಡುಗ ನಗು ತಡೆದುಕೊಂಡದ್ದು ಕಂಡಿತು.

ಬಿಲ್ಲೆಯನ್ನು ತಿರುಗಿಸಿದರೆ ತಳ ತಾಮ್ರದ್ದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ಕು. ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು, ನನ್ನ ಕನ್ನಡಕ ಒಳಗಿತ್ತು. ಹುಡುಗ ಅದನ್ನು ಈಸಿಕೊಂಡು ಪ್ಲಾಸ್ಟಿಕ್ಕಿನ ತುದಿಗೆ ಉಗುರು ಹಾಕಿದ. ನನಗೆ ಜೀವ ಚುಳಕ್ಕೆಂದಿತು.

ನಮ್ಮ ಮನೆಯಲ್ಲಿ ಹೊಸ ವಸ್ತುವಿನ ಪ್ಲಾಸ್ಟಿಕ್ ತೆಗೆಯುವ ಪದ್ಧತಿಯಿಲ್ಲ. ಫ್ರಿಜ್ಜಿನ ಬಾಗಿಲಿನದು ಅದಾಗಿಯೇ ಕಿತ್ತುಬರುವವರೆಗೆ ಇತ್ತು. ಟಿವಿಯ ರಿಮೋಟು ಇವತ್ತಿಗೂ ಕವರಿನೊಳಗಿದೆ. ಸ್ಕೂಟರಿನ ಸೀಟಿನದನ್ನು ಮಗಳು ಹರಿದುಹಾಕಿದ ದಿನ ನಾನು ಊಟ ಬಿಟ್ಟಿದ್ದೆ.

“ಅದನ್ಯಾಕಪ್ಪ ಕೀಳ್ತೀಯ? ಒಸಾದು, ಅಂಗೇ ಇರ್ಲಿ. ಗೀರು ಬಿದ್ದದು” ಎಂದೆ.

ಅವನ ಉಗುರು ಅಲ್ಲೇ ನಿಂತಿತು. ನನ್ನ ಮುಖ ನೋಡಿದ. ತಾಮ್ರವನ್ನು ನೋಡಿದ. ಆಮೇಲೆ ಕಿಟಕಿಯಾಚೆ ನೋಡಿದ. ನೋಡಿದ್ದನ್ನು ನಾನು ಕಂಡೆ. ಆದರೆ ಮರುಗಳಿಗೆಯೇ ಅವನು, “ಆಗ್ಲಿ ಮಾವ” ಎಂದ.

ಅಲ್ಲಿಯವರೆಗೆ ಬರೀ ‘ಸಾ’ ಎನ್ನುತ್ತಿದ್ದವನ ಬಾಯಲ್ಲಿ ಮೊದಲ ಸಲ ಮಾವ ಎಂಬ ಮಾತು. ನನ್ನ ಎದೆ ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಈ ಕಾಲದಲ್ಲಿ ದೊಡ್ಡವರು ಬೇಡವೆಂದರೆ ಎದುರು ಮಾತಾಡದ ಹುಡುಗ! ಬೂದು ಬಣ್ಣದ ಪೇಸ್ಟನ್ನು ಪ್ರೊಸೆಸರಿನ ಮೇಲೆ ಹಚ್ಚಿ, ಬಿಲ್ಲೆಯನ್ನು ಪ್ಲಾಸ್ಟಿಕ್ ಸಮೇತ ಅದರ ಮೇಲೆ ಕೂರಿಸಿ, ನಾಲ್ಕು ಮೂಲೆಯ ಸ್ಕ್ರೂಗಳನ್ನು ಸಮನಾಗಿ ಬಿಗಿದ. ಕಂಪ್ಯೂಟರು ಶುರುವಾಯಿತು, ಫ್ಯಾನುಗಳು ತಿರುಗಿದವು. ಅವನು ಊಟ ಮಾಡಿ, ನನ್ನ ಹೆಂಡತಿಯ ಹುರುಳಿಸಾರನ್ನು ಎರಡನೇ ಸಲ ಹಾಕಿಸಿಕೊಂಡು, “ಬತ್ತೀನಿ ಮಾವ” ಎಂದು ಹೊರಟ. ನಾನು ಬಸ್‌ಸ್ಟಾಂಡಿನವರೆಗೂ ಹೋಗಿ ಹತ್ತಿಸಿ ಬಂದೆ.

ಸಂಜೆಯ ಹೊತ್ತಿಗೆ ಮಗಳು ಬಂದವಳು ಮದುವೆಯೊಂದರ ವಿಡಿಯೋ ಹಾಕಿ ಕೆಲಸ ಶುರುಮಾಡಿದಳು. ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಫ್ಯಾನುಗಳು ಹುಚ್ಚೆದ್ದು ಕೂಗಿದವು. ಕಂಪ್ಯೂಟರು ಪಕ್ಕನೆ ಆರಿಹೋಯಿತು.

ಸೋರಿತು, ಅಂದುಕೊಂಡೆ. ಪೆಟ್ಟಿಗೆಯ ಕೆಳಗೆ ಬೆರಳಾಡಿಸಿದೆ. ಒಣಗಿತ್ತು. ಹಾಗಾದರೆ ಹಳೆಯ ಕೂಲರ್ ತಂದು ಹಾಕಿ ಹೊಸದನ್ನು ಚೀಲಕ್ಕಿಳಿಸಿದನೇ? ನಾನು ಕಣ್ಣು ಮಿಟುಕಿಸದೆ ಕೂತಿದ್ದೆನಲ್ಲ! ಊಟಕ್ಕೆ ಎಲೆ ಹಾಕುವಾಗ ಒಂದು ಗಳಿಗೆ ಎದ್ದಿದ್ದೆ. ಹುರುಳಿಸಾರಿನ ಮೇಲೂ ಸಿಟ್ಟು ಬಂತು.

ಮಗಳು ಪೆಟ್ಟಿಗೆ ಬಿಚ್ಚಿ, ಸ್ಕ್ರೂ ಸಡಿಲಿಸಿ, ಬಿಲ್ಲೆಯನ್ನು ಎತ್ತಿದಳು. ಪೇಸ್ಟೆಲ್ಲ ಪ್ಲಾಸ್ಟಿಕ್ಕಿಗೆ ಮೆತ್ತಿಕೊಂಡಿತ್ತು. “ಇದನ್ನ ತೆಗೆದು ಹಾಕ್ಬೇಕಪ್ಪ. ತಾಮ್ರ ಪೇಸ್ಟಿಗೆ ಸೀದಾ ತಾಗಿದ್ರೇನೇ ಬಿಸಿ ಎಳ್ಕೊಳ್ಳೋದು. ಇಲ್ಲೇ ಬರೆದಿದೆ ನೋಡು. ಅಂಗಡಿ ಇಟ್ಟೋರಿಗೆ ಇದು ಗೊತ್ತಿಲ್ವಾ?”

ಬೇಡವೆಂದವನು ನಾನೇ ಎಂದು ಹೇಳಿದೆ. ಅವಳು ಹುಡುಗನಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ ಕೇಳಿದಳು.

“ಗೊತ್ತಿತ್ತು ಕಣ್ರೀ” ಎಂದ ಅವನು. “ಮಾವ ಬ್ಯಾಡ ಅಂದ್ರಲ್ಲ, ದೊಡ್ಡೋರ ಮಾತ ಎಂಗೆ ತೆಗೆದಾಕದು? ಇನ್ನೊಂದಿನ ಬಂದು ಅವ್ರಿಗೆ ಕಾಣ್ದಂಗೆ ತೆಗೆಯನ ಅಂತಿದ್ದೆ.”

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, “ನೋಡಿದ್ರಾ ಗುಣವಾ! ಇಂಥ ಹುಡ್ಗ ಎಲ್ಲಿ ಸಿಕ್ತಾನೆ?” ಎಂದು ಹಿಗ್ಗಿ ಒಳಗೆ ಹೋದಳು. ನನಗೂ ಹಾಗೆಯೇ ಅನಿಸಿತು. ಆದರೆ ಮಗಳ ಮುಖದಲ್ಲಿ ನಗುವಿರಲಿಲ್ಲ. ಫೋನಿಟ್ಟು, ಬಟ್ಟೆಯಿಂದ ಪೇಸ್ಟು ಒರೆಸುತ್ತಾ, “ಗೊತ್ತಿದ್ದೂ ಸುಮ್ಮನಿದ್ರಲ್ಲಪ್ಪ. ನಾಳೆ ಅವರಮ್ಮ ನನ್ನ ಕೆಲಸ ಬಿಡಿಸು ಅಂದ್ರೆ?” ಎಂದಳು.

“ಅದ್ಕೂ ಇದ್ಕೂ ಏನವ್ವ ಸಂಬಂಧ?” ಎಂದು ರೇಗಿದೆ. ರೇಗಿದರೂ ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಬೆಳಿಗ್ಗೆಯಿಂದ ನೀರನ್ನು ಸಂಶಯಿಸಿದೆ, ಪೈಪನ್ನು ಸಂಶಯಿಸಿದೆ, ಹುಡುಗನ ಚೀಲವನ್ನೂ ಸಂಶಯಿಸಿದೆ. ಆ ‘ಆಗ್ಲಿ’ಯೊಂದನ್ನು ಬಿಟ್ಟೆ. ಸುಮ್ಮನಿರಲಾಗಲಿಲ್ಲ. ನನ್ನ ಫೋನಿನಿಂದ ನಾನೇ ಅವನಿಗೆ ಮಾಡಿ, ಸ್ಪೀಕರಿಗೆ ಹಾಕಿದೆ. ಮಗಳಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದೆ.

“ಒಂದು ಮಾತು ಕಣಪ್ಪ. ಮದ್ವೆ ಆದ್ಮೇಲೆ ಇವಳು ಈ ವಿಡಿಯೋ ಕೆಲ್ಸ ಮಾಡದು ನಂಗೆ ಇಷ್ಟ ಇಲ್ಲ. ಮನೇಲಿ ಇರ್ಲಿ ಅಂತ. ನೀ ಏನಂತೀಯ?”

ಅವನು ಉಸಿರು ತೆಗೆದುಕೊಳ್ಳುವಷ್ಟೂ ತಡಮಾಡಲಿಲ್ಲ. ದನಿಯಲ್ಲಿ ನಿರಾಳವಿತ್ತು.

“ನೀವೆಂಗೇಳ್ತೀರೋ ಅಂಗೇ ಮಾವ. ನಮ್ಮವ್ವಂಗೂ ಅದೇ ಆಸೆ. ಮದ್ವೆ ಆಗ್ಲಿ, ನಿಧಾನಕ್ಕೆ ಬುಡಿಸ್ತೀನಿ ಅಂತ ಅವ್ವಂಗೆ ಆಗ್ಲೇ ಮಾತು ಕೊಟ್ಟಿವ್ನಿ.”

ಫೋನಿಟ್ಟೆ. ಬಸ್ಸಿನಲ್ಲಿ ಯಾರನ್ನು ಹಿಡಿದರೂ ನನಗೊಂದು ಖುಷಿಯಾಗುತ್ತಿತ್ತು. ಅವತ್ತು ಆಗಲಿಲ್ಲ. ಆ ಹುಡುಗ ಕೆಟ್ಟವನಲ್ಲ. ಯಾರು ಏನು ಕೇಳಿದರೂ ಇಲ್ಲವೆನ್ನಲಾರದವನು. ನನ್ನ ಮಗಳಿಗೂ ಹಾಗೆಯೇ ಹೂಂ ಎಂದಿದ್ದ.

ಮಗಳು ಬಿಲ್ಲೆಯನ್ನು ಮತ್ತೆ ಕೂರಿಸಿ ಸ್ಕ್ರೂ ತಿರುಗಿಸುತ್ತಿದ್ದಳು. ತಲೆಯೆತ್ತದೆ, “ಅಮ್ಮಂಗೆ ನೀನೇ ಹೇಳು” ಎಂದಳು. ಅಡುಗೆಮನೆಯಲ್ಲಿ ನನ್ನ ಹೆಂಡತಿ ಆಗಲೇ ತನ್ನ ತಂಗಿಗೆ ಫೋನ್ ಮಾಡಿ, ಹುಡುಗ ಚಿನ್ನದಂಥವನು ಎಂದು ಹೇಳುತ್ತಿದ್ದಳು.