ಅಕ್ಕಾರು ಬಡಿದ ರೊಟ್ಟಿ

ಈ ವರ್ಷದ ರೊಟ್ಟಿ ಪಂಚಮಿಯ ಬೆಳಿಗ್ಗೆ ನಮ್ಮ ಅಡುಗೆಮನೆಯ ತುಂಬ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ವಾಸನೆ. ಹಂಚಿನ ಮೇಲೆ ಎಳ್ಳು ಚಟಚಟ ಅನ್ನುವಾಗ ಬರುವ ಆ ವಾಸನೆಗೆ ಓಣಿಯ ಆ ತುದಿಯಲ್ಲಿ ಮಲಗಿದವರೂ ಎದ್ದು ಕೂಡಬೇಕು. ನಮ್ಮತ್ತೆ ಬಡಿಯುತ್ತಿದ್ದರು, ನಾನು ಬುಟ್ಟಿಗೆ ಬಟ್ಟೆ ಹಾಸಿ ಹೊಂದಿಸುತ್ತಿದ್ದೆ. ಹಬ್ಬದ ದಿನ ಮನೆಮನೆಗೆ ರೊಟ್ಟಿ ಬೀರಬೇಕಲ್ಲ, ಅವರ ಮನೆಯದು ನಮಗೆ, ನಮ್ಮ ಮನೆಯದು ಅವರಿಗೆ. ಹಾಗೆ ಹೊಂದಿಸುತ್ತಿರುವಾಗ ಒಂದು ರೊಟ್ಟಿ ಕೈಗೆ ಬಂತು. ಅಂಚೆಲ್ಲ ಹರಿದಿತ್ತು. ನಡುವೆ ಒಂದು ತೂತು ಬೇರೆ! ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಮ್ಮತ್ತೆಯ ರೊಟ್ಟಿ ಹರಿದದ್ದನ್ನು ಕಂಡವಳಲ್ಲ. ವಯಸ್ಸಾಯಿತು, ಕೈ ಸೋತಿರಬೇಕು ಅಂದುಕೊಂಡು ಸದ್ದಿಲ್ಲದೆ ಅದನ್ನು ಬದಿಗಿಡಲು ಹೋದೆ. ಆದರೆ ಆ ತೂತು ನೋಡುತ್ತಲೇ ನನಗೆ ನಗು ತಡೆಯಲಾಗಲಿಲ್ಲ. ಇಂಥ ರೊಟ್ಟಿ ಬಡಿಯುವವರು ನಾನು ಕಂಡ ಮಟ್ಟಿಗೆ ಒಬ್ಬರೇ ಇದ್ದರು. ಅವರನ್ನು ನಾವು ಅಕ್ಕಾರು ಅನ್ನುತ್ತಿದ್ದೆವು...

ಅಕ್ಕಾರು ಅಂದರೆ ಶಾಲೆಯಲ್ಲಿ ಕಲಿಸುವ ಅಕ್ಕಾರಲ್ಲ. ದೇಶದ ತುಂಬ ಮಾನಸಿಕ ಆರೋಗ್ಯಕ್ಕಾಗಿ ದನಿ ಎತ್ತುವ ಒಂದು ದೊಡ್ಡ ಸಂಸ್ಥೆಯವರು. ಹೆಗಲಿಗೊಂದು ಬಟ್ಟೆಯ ಚೀಲ ಹಾಕಿಕೊಂಡು ಇವತ್ತು ಲಕ್ಷ್ಮೇಶ್ವರದ ಬಸ್ಸು, ನಾಳೆ ಮುಂಡರಗಿಯ ಬಸ್ಸು, ನಾಡಿದ್ದು ಶಿರಹಟ್ಟಿಯ ಬಸ್ಸು ಅಂತ ಹತ್ತಿ ಇಳಿಯುತ್ತಿದ್ದರು. ಮನಸ್ಸಿನ ಕಾಯಿಲೆಯವರಿಗೆ ಹತ್ತಿರದಲ್ಲೇ ಗುಳಿಗೆ ಸಿಗುವಂತೆ ಮಾಡುವುದು, ಕಚೇರಿಗಳಲ್ಲಿ ಅವರಿಗೆ ಬರಬೇಕಾದ್ದನ್ನು ಕೇಳುವುದು, ಮನೆಯವರನ್ನು ಒಂದೆಡೆ ಕೂಡಿಸಿ ಮಾತಾಡಿಸುವುದು, ಇದು ಅವರ ಕೆಲಸ. ನಗುವಂತೂ ಎಷ್ಟು ಜೋರು ಅಂದರೆ ಬೆಟಗೇರಿಯ ಮಗ್ಗದ ಸದ್ದಿನ ನಡುವೆಯೂ ಕೇಳಬೇಕು.

ವರ್ಷಗಳ ಹಿಂದೆ ಇಂಥವರ ಜೊತೆ ನಾನು ಮೊದಲ ದಿನವೇ ಜಗಳ ಆಡಿದೆ. ಕಾರಣ ಇತ್ತು. ನಮ್ಮತ್ತೆಗೆ ಅದಕ್ಕಿಂತ ಸ್ವಲ್ಪ ಹಿಂದೆ ಕಾಯಿಲೆಯಾಗಿತ್ತು. ಗೋಡೆಯೊಳಗಿಂದ ಯಾರೋ ಬೈಯುತ್ತಾರೆ ಅನ್ನುತ್ತಿದ್ದರು, ನಿದ್ದೆ ಇಲ್ಲ, ಊಟ ಇಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆಯಲ್ಲಿದ್ದು ಗುಣವಾಗಿ ಬಂದರು. ಆದರೆ ನಮ್ಮ ಕಡೆ 'ಧಾರವಾಡಕ್ಕ ಹೋಗಿ ಬಂದಾಳ' ಅಂದರೆ ಮುಗಿಯಿತು, ಆಮೇಲೆ ಆ ಹೆಂಗಸು ಏನು ಮಾತಾಡಿದರೂ ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅತ್ತೆ ಹೊರಗೆ ಬರುವುದನ್ನೇ ಬಿಟ್ಟಿದ್ದರು. ಹೀಗಿರುವಾಗ ಒಂದು ಮಧ್ಯಾಹ್ನ ಮೈಕು ಕಟ್ಟಿದ ಆಟೋ ಒಂದು ಓಣಿಯೊಳಗೆ ಬಂತು. "ಆತ್ಮೀಯ ಬಂಧುಗಳೇ, ಮಾನಸಿಕ ಅಸ್ವಸ್ಥರ ಕುಟುಂಬದವರು ದಯವಿಟ್ಟು ವಾಹನದ ಬಳಿಗೆ ಬರಬೇಕು." ನಮ್ಮ ಮನೆ ಓಣಿಯ ಕೊನೆಯದು, ಆಟೋ ಹೊರಳಿಸಲು ಜಾಗ ಇರುವುದು ನಮ್ಮ ಕಟ್ಟೆಯ ಮುಂದೆ ಮಾತ್ರ. ಬಂದು ಅಲ್ಲೇ ನಿಂತಿತು. ಅಲ್ಲೇ ನಿಂತು ಅದೇ ಮಾತನ್ನು ಮತ್ತೆ ಮತ್ತೆ ಕೂಗಿತು!

ನನ್ನ ಸಿಟ್ಟು ನನಗೆ ಗೊತ್ತು, ಬಂದರೆ ಕಾಲಿಗೆ ಚಪ್ಪಲಿ ಹಾಕಿಕೊಳ್ಳುವಷ್ಟೂ ಪುರಸೊತ್ತು ಕೊಡುವುದಿಲ್ಲ. ಬರಿಗಾಲಲ್ಲೇ ಹೋಗಿ, "ಏನ್ರೀ, ನಿಮಗ ಸ್ವಲ್ಪರ ತಿಳೀತೈತಿಲ್ಲೋ? ಹಿಂಗ ಓಣಿ ತುಂಬ ಒದರಿದ್ರ ಯಾರ ಬರತಾರ್ರೀ ನಿಮ್ಮ ಹಂತ್ಯಾಕ?" ಅಂದೆ. ಆಟೋದಿಂದ ಒಬ್ಬ ಹೆಂಗಸು ಇಳಿದರು. ಮೈಕು ಬಂದ್ ಮಾಡಿಸಿದರು. ಮೇಲೆ ನೋಡಿದರು, ಕೆಳಗೆ ನೋಡಿದರು, ತಮ್ಮ ಎರಡೂ ಕಿವಿ ಹಿಡಿದುಕೊಂಡರು.

"ಖರೆ ಐತಿ ತಂಗಿ. ಇದು ನನಗ ಹೊಳೀಲೇ ಇಲ್ಲ ನೋಡು. ಬೈಯೂದ ಮುಗೀತಂದ್ರ ಒಂದ ತಂಬಿಗಿ ನೀರ ಕೊಡ, ನನ್ನ ಗುಳಿಗಿ ಹೊತ್ತಾಗೇತಿ."

ಹಾಗಂದು ನಮ್ಮ ಕಟ್ಟೆಯ ಮೇಲೆ ಕೂತೇಬಿಟ್ಟರು. ಕಿಟಕಿಗಳಲ್ಲಿ ಓಣಿಯೇ ನಿಂತು ನೋಡುತ್ತಿತ್ತು. ಎದುರು ಮನೆಯ ಆಯಿಗೆ ಸುಮ್ಮನಿರಲು ಬರುವುದಿಲ್ಲ, "ಎದರ ಗುಳಿಗಿ ಬೇ ಅದು, ಸಕ್ಕರಿ ಬ್ಯಾನಿದೇನು?" ಅಂತ ಕೂಗಿ ಕೇಳಿದಳು.

"ಅಲ್ರೀ ಆಯಿ, ತಲೀದು! ನಾನೂ ಧಾರವಾಡಕ್ಕ ಹೋಗಿ ಬಂದಾಕಿನ. ಬರಿಗೈಲೆ ಬರಲಿಲ್ಲ ಮತ್ತ, ಪೇಢೆ ಕಟ್ಟಿಸಿಕೊಂಡ ಬಂದೀನಿ!"

ಕಿಟಕಿಗಳು ಪಟಪಟ ಮುಚ್ಚಿದವು. ಆದರೆ ಒಳಗಿನಿಂದ, ನಮ್ಮ ಅಡುಗೆಮನೆಯ ಕತ್ತಲೆಯಿಂದ, ಒಂದು ನಗು ಕೇಳಿಸಿತು. ನಮ್ಮತ್ತೆ ನಕ್ಕದ್ದು. ಅವರು ನಗದೆ ಎಷ್ಟು ಕಾಲವಾಗಿತ್ತೋ... ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಅಕ್ಕಾರಿಗೆ ನೀರಿನ ಜೊತೆ ಚಹಾವನ್ನೂ ಕೊಟ್ಟೆ.

ಆಮೇಲೆ ಮೈಕು ಮತ್ತೆ ಬರಲಿಲ್ಲ, ಅಕ್ಕಾರು ಮಾತ್ರ ಬಂದರು. ವಾರಕ್ಕೊಮ್ಮೆ ಅತ್ತೆಯ ಜೊತೆ ಕೂತು ಊರಿನ ಖಬರೆಲ್ಲ ಹೇಳುವರು. ಗುಳಿಗೆಯಿಂದ ಅತ್ತೆಗೆ ಕೈ ನಡುಗುತ್ತಿತ್ತು, ಅದು ಹೀಗೇ ಇರಬೇಕೇನೋ ಅಂತ ನಾವು ಸುಮ್ಮನಿದ್ದೆವು. ಅಕ್ಕಾರು ಸುಮ್ಮನಿರಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅತ್ತೆಯ ಬಾಯಿಂದಲೇ ಹೇಳಿಸಿ, ಗುಳಿಗೆ ಬದಲಿಸಿಕೊಂಡು ಬಂದರು. ನಡುಕ ನಿಂತಿತು. ಆದರೂ ಅತ್ತೆ ರೊಟ್ಟಿ ಬಡಿಯಲು ಕೂಡಲಿಲ್ಲ. "ಅವ್ವಾರ, ನಿಮ್ಮ ಕೈ ರೊಟ್ಟಿ ಯಾವಾಗ ಉಣ್ಣಿಸ್ತೀರಿ?" ಅಂತ ಅಕ್ಕಾರು ಕೇಳಿದರೆ ಮಾತು ಬೇರೆ ಕಡೆ ತಿರುಗಿಸುವರು.

ಕಾರಣ ನನಗೆ ಗೊತ್ತಿತ್ತು. ಅಕ್ಕಾರು ಬರುವ ಮೊದಲಿನ ಪಂಚಮಿಗೆ ನಾವೂ ಎಲ್ಲರಂತೆ ರೊಟ್ಟಿ ಬೀರಿದ್ದೆವು. ಬೇಡ ಅಂತ ಯಾರೂ ಅನ್ನಲಿಲ್ಲ, ನಗುನಗುತ್ತಲೇ ತೆಗೆದುಕೊಂಡರು. ಸಂಜೆ ನೋಡಿದರೆ ಆಯಿಯ ಮನೆಯ ಎಮ್ಮೆಯ ಮುಂದೆ ಅತ್ತೆಯ ಎಳ್ಳಿನ ರೊಟ್ಟಿಗಳು! ಓಣಿಗೆಲ್ಲ ರೊಟ್ಟಿ ಬಡಿಯಲು ಕಲಿಸಿದ ಹೆಂಗಸು ಅವರು. ಹೊಸ ಸೊಸೆ ಬಂದರೆ 'ಹೋಗು, ಅಕಿ ಹಂತ್ಯಾಕ ಕಲತ ಬಾ' ಅಂತ ಕಳಿಸುತ್ತಿದ್ದ ಓಣಿ ಇದು. ಅತ್ತೆ ಅವತ್ತು ಅಳಲಿಲ್ಲ, "ಎಮ್ಮಿ ಪುಣ್ಯಾ ಮಾಡೇತಿ ಬಿಡು" ಅಂದರು, ಅಷ್ಟೇ. ಮರುದಿನದಿಂದ ಹಿಟ್ಟು ನಾದುವ ಪರಾತ ಮುಟ್ಟಲಿಲ್ಲ. ನನಗೆ ಮದ್ದು, ಡಾಕ್ಟರು ಎಲ್ಲ ಅರ್ಥವಾಗುತ್ತಿತ್ತು, ಆದರೆ ಅವರು ಮತ್ತೆ ಒಲೆಯ ಮುಂದೆ ಕೂತು, ಆ ರೊಟ್ಟಿಯನ್ನು ಓಣಿಯ ಮನುಷ್ಯರು ತಿನ್ನುವವರೆಗೆ ಅವರು ಗುಣವಾದರು ಅಂತ ನಾನು ಒಪ್ಪುವವಳಲ್ಲ.

ಈ ಎಮ್ಮೆಯ ಕಥೆಯನ್ನು ನಾನೇ ಅಕ್ಕಾರಿಗೆ ಹೇಳಿದೆ. ಅವರು ಕಣ್ಣು ಮಿಟುಕಿಸಿ ಒಂದು ಉಪಾಯ ತೆಗೆದರು. ಬರುವ ಪಂಚಮಿಗೆ ಅತ್ತೆಯ ರೊಟ್ಟಿಯನ್ನು ನನ್ನ ತವರು ಅಡರಕಟ್ಟಿಯಿಂದ ಬಂದದ್ದು ಅಂತ ಹೇಳಿ ಬೀರುವುದು. ಎಲ್ಲರೂ ತಿಂದು ಬಾಯಿ ಚಪ್ಪರಿಸಿದ ಮೇಲೆ ನಿಜ ಹೇಳುವುದು! ನನಗಂತೂ ಕುಣಿಯುವಷ್ಟು ಖುಷಿ. ಆದರೆ ಅಲ್ಲೇ ಕೂತಿದ್ದ ಅತ್ತೆ ತಲೆ ಎತ್ತಿ ಅಕ್ಕಾರನ್ನು ನೋಡಿದರು.

"ಕದ್ದು ಉಣಿಸೂದ ಬ್ಯಾಡ ಅಕ್ಕಾರ. ನನ್ನ ರೊಟ್ಟಿ ನನ್ನ ಹೆಸರಿಲೇನ ಹೋಗಬೇಕು. ತಿಂದ್ರ ತಿನ್ನಲಿ, ಬಿಟ್ರ ಬಿಡಲಿ."

ಅಕ್ಕಾರು ಮತ್ತೆ ಕಿವಿ ಹಿಡಿದುಕೊಂಡರು. "ತಪ್ಪಾತ್ರಿ ಅವ್ವಾರ. ಹಂಗಾರ ಕಟ್ಟಿ ಮ್ಯಾಲ ಒಲಿ ಹಚ್ಚೂನು. ಎಲ್ಲಾರ ಕಣ್ಣ ಮುಂದ ನೀವು ಬಡೀರಿ, ನಿಮ್ಮ ಬಾಜೂ ನಾನೂ ಬಡೀತೀನಿ" ಅಂದರು.

ರೊಟ್ಟಿ ಪಂಚಮಿಯ ದಿನ ಅಕ್ಕಾರು ಬೆಳಿಗ್ಗೆಯೇ ಬಂದರು. ಕಟ್ಟೆಯ ಮೇಲೆ ಒಲೆ ಹೂಡಿದೆವು. ಅತ್ತೆ ಹೊಸ ಇಳಕಲ್ಲ ಸೀರೆ ಉಟ್ಟು ಹೊರಗೆ ಬಂದು ಕೂತರು, ಆದರೆ ಹಿಟ್ಟಿಗೆ ಕೈ ಹಾಕಲಿಲ್ಲ. ಬುಟ್ಟಿ ಹಿಡಿದ ಹೆಂಗಸರು ಈ ಮನೆಯಿಂದ ಆ ಮನೆಗೆ ಓಡಾಡುತ್ತಿದ್ದರು, ನಮ್ಮ ಕಟ್ಟೆಯ ಹತ್ತಿರ ಬಂದಾಗ ಮಾತ್ರ ಎಲ್ಲರಿಗೂ ಅವಸರ. ಅಕ್ಕಾರು ಅದೇನನ್ನೂ ನೋಡದವರಂತೆ ಪರಾತ ಎಳೆದುಕೊಂಡು, ಕುದಿಯುವ ಎಸರು ಹಾಕಿ ಹಿಟ್ಟು ನಾದಿದರು, ಬಡಿಯಲು ಶುರು ಮಾಡಿದರು. ಅಯ್ಯೋ, ಏನು ಹೇಳಲಿ! ರೊಟ್ಟಿ ಈ ಕಡೆ ದಪ್ಪ, ಆ ಕಡೆ ತೂತು. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಎರಡು ತುಂಡು. ಇನ್ನೊಂದು ಬಡಿದರು, ಅದು ಪರಾತಕ್ಕೇ ಅಂಟಿತು. "ಹರೀತಲ್ರೀ ಯಪ್ಪಾ! ಮತ್ತ ಹರೀತಲ್ರೀ!" ಅಂತ ಓಣಿಗೆಲ್ಲ ಕೇಳುವಂತೆ ಗೋಳಾಟ ಬೇರೆ.

ನಮ್ಮ ಓಣಿಯ ಹೆಂಗಸರು ಏನನ್ನಾದರೂ ಸಹಿಸುತ್ತಾರೆ, ಕಣ್ಣೆದುರು ರೊಟ್ಟಿ ಕೆಡುವುದನ್ನು ಸಹಿಸುವುದಿಲ್ಲ. ಮೊದಲು ಆಯಿಯ ಬಾಯಿ ತೆರೆಯಿತು.

"ಏ ಏ ಏ! ಏನ ಮಾಡಾಕ್ಹತ್ತೀ ಬೇ? ಹಬ್ಬದ ದಿನ ಹಿಟ್ಟ ಹಾಳ ಮಾಡತಿಯಲ್ಲ, ನಿಮ್ಮವ್ವ ಏನೂ ಕಲಿಸಿಲ್ಲೇನ ನಿನಗ?"

"ಕಲಿಸಿದ್ಲರೀ ಆಯಿ, ನನಗ ಹತ್ತಲಿಲ್ಲ!"

ಆಯಿ ಓಣಿ ದಾಟಿ ಬಂದೇಬಿಟ್ಟಳು. ಆಯಿಯ ಹಿಂದೆ ಅವಳ ಸೊಸೆ, ಸೊಸೆಯ ಹಿಂದೆ ಪಕ್ಕದ ಮನೆಯವರು. ಒಬ್ಬಳು ಎಸರು ಕಡಿಮೆಯಾಯಿತು ಅಂದಳು, ಇನ್ನೊಬ್ಬಳು ಹೆಚ್ಚಾಯಿತು ಅಂದಳು. ಒಬ್ಬಳು ಅಂಗೈಯಿಂದ ಬಡಿ ಅಂದರೆ ಮತ್ತೊಬ್ಬಳು ಬೆರಳಿಂದ ಅಂದಳು. ಅವರವರಲ್ಲೇ ಜಗಳ ಹತ್ತಿತು. ಅಕ್ಕಾರು ಎಲ್ಲರ ಮಾತೂ ಕೇಳಿ ಮತ್ತೊಂದು ಹರಿದರು. ಕೊನೆಗೆ ಆಯಿಗೆ ರೇಗಿತು. "ಸುಮ್ನಿರ್ರೆಲೇ ಎಲ್ಲಾರೂ! ನಿಮಗ ಕಲಿಸಿದಾಕಿ ಇಲ್ಲೇ ಕುಂತಾಳ, ಅಕೀನ್ನ ಕೇಳೂದ ಬಿಟ್ಟು..." ಅಂದವಳು ತಾನೇ ನಾಲಿಗೆ ಕಚ್ಚಿಕೊಂಡಳು.

ಎಲ್ಲರೂ ಅತ್ತೆಯನ್ನು ನೋಡಿದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪರಾತವನ್ನು ತಮ್ಮ ಕಡೆ ಎಳೆದುಕೊಂಡರು. ಒಂದು ಉಂಡೆ ತೆಗೆದುಕೊಂಡರು. ಆಮೇಲೆ ಆ ಸದ್ದು, ಟಪ್ ಟಪ್ ಟಪ್ ಟಪ್... ನಾನು ಮರೆತೇಹೋಗಿದ್ದ ಸದ್ದು. ರೊಟ್ಟಿ ಅವರ ಕೈ ಕೆಳಗೆ ತಾನೇ ತಿರುಗಿತು, ಚಂದಿರನಷ್ಟು ದುಂಡಗಾಯಿತು, ಹಂಚಿನ ಮೇಲೆ ಉಬ್ಬಿ ನಿಂತಿತು. ಆಯಿ ಕೈ ಚಾಚಿದಳು. "ತಾ ಇಲ್ಲೆ. ನಮ್ಮ ಮನ್ಯಾಗಿನ ಒಣರೊಟ್ಟಿ ಕಡದು ಕಡದು ನನ್ನ ಇದ್ದ ಹಲ್ಲೂ ಹೋದ್ವು." ಬೆಣ್ಣೆ, ಶೇಂಗಾ ಚಟ್ನಿ ಹಚ್ಚಿಕೊಂಡು ನಿಂತಲ್ಲೇ ತಿಂದಳು. ಅರ್ಧ ತಿಂದಾಗ ಅತ್ತೆ ತಣ್ಣಗೆ ಕೇಳಿದರು, "ಎಮ್ಮಿಗೂ ಒಂದ ಒಯ್ಯತೀರೇನ್ರಿ?"

ಆಯಿ ಬಾಯಲ್ಲಿದ್ದದ್ದನ್ನು ನಿಧಾನಕ್ಕೆ ನುಂಗಿದಳು.

"ಬೇಕಾದ್ರ ಅದ ಬಂದು ಕೇಳಲಿ. ನಾ ಏನ ಕೊಡಾಕಿ ಅಲ್ಲ!"

ನಗು ಸಿಡಿಯಿತು ನೋಡಿ, ಅಷ್ಟು ನಗುವನ್ನು ನಾನು ಆ ಓಣಿಯಲ್ಲಿ ಕೇಳಿರಲಿಲ್ಲ. ಆಯಿ ಅತ್ತೆಯ ಬೆನ್ನಿಗೊಂದು ಗುದ್ದು ಕೊಟ್ಟು, ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. ಎಲ್ಲರ ಬುಟ್ಟಿಗೂ ಅತ್ತೆಯ ರೊಟ್ಟಿ ಬಿತ್ತು. ಮಧ್ಯಾಹ್ನದ ಹೊತ್ತಿಗೆ ನಮ್ಮ ಹಿಟ್ಟು ಮುಗಿದು ಆಯಿಯ ಮನೆಯ ಹಿಟ್ಟು ತಂದೆವು. ಸಂಜೆ ಅಕ್ಕಾರು ಹಬ್ಬಕ್ಕೆ ಕಟ್ಟಿದ ಜೋಕಾಲಿ ಹತ್ತಿ ಚೀರಾಡಿದ್ದೇ ಚೀರಾಡಿದ್ದು, ಇಳಿಸಲು ನಾಲ್ಕು ಜನ ಬೇಕಾಯಿತು.

ಆವತ್ತಿನಿಂದ ನಮ್ಮ ಕಟ್ಟೆಯೇ ಅಕ್ಕಾರ ಸಭೆಯ ಜಾಗ. ಅತ್ತೆಯೂ ಅವರ ಜೊತೆ ಬಸ್ಸು ಹತ್ತಿದರು. ಹೊಸ ಮನೆಗೆ ಹೋದಾಗ ಅಕ್ಕಾರು ನೀರು ಕೇಳಿ ಎಲ್ಲರೆದುರು ಗುಳಿಗೆ ನುಂಗುವರು, ನಮ್ಮತ್ತೆಯೂ ತಮ್ಮದನ್ನು ತೆಗೆಯುವರು. ಒಮ್ಮೆ ಯಾವುದೋ ಊರಿನ ಸರಕಾರಿ ಆಸ್ಪತ್ರೆಗೆ ಗುಳಿಗೆ ಬರುವುದು ನಿಂತಾಗ ದೊಡ್ಡ ಅಧಿಕಾರಿಗಳ ಮುಂದೆ ಮಾತಾಡಲು ಅಕ್ಕಾರು ತಾವು ಏಳದೆ ಅತ್ತೆಯನ್ನು ಎಬ್ಬಿಸಿದರು. "ಸಾಹೇಬ್ರ, ನಿಮ್ಮ ಮನ್ಯಾಗ ಹಿಟ್ಟ ತೀರಿದ್ರ ಮುಂದಿನ ತಿಂಗಳ ಉಣ್ಣೂನು ಅಂತೀರೇನ್ರಿ?" ಅಂದರು ಅತ್ತೆ. ಸಾಹೇಬರು ನಕ್ಕರು, ಗುಳಿಗೆಯೂ ಬಂತು. ಮನೆಗೆ ಬಂದು ಇಬ್ಬರೂ ಅದನ್ನು ನಟಿಸಿ ತೋರಿಸಿದ್ದು, ನಾನು ಹೊಟ್ಟೆ ಹಿಡಿದುಕೊಂಡು ನಕ್ಕದ್ದು... ಇರಲಿ. ಅಕ್ಕಾರು ಪಂಚಮಿಗೆ ಮಾತ್ರ ತಪ್ಪದೆ ಬರುವರು, ತಪ್ಪದೆ ಒಂದು ರೊಟ್ಟಿ ಹರಿಯುವರು, ನಾವು ತಪ್ಪದೆ ಹಾಸ್ಯ ಮಾಡುವೆವು.

ಈ ಬೇಸಿಗೆಯಲ್ಲಿ ಅಕ್ಕಾರು ಹೋಗಿಬಿಟ್ಟರು. ಎದೆನೋವು ಅಂದರಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ನಾನೂ ಅತ್ತೆಯೂ ಅವರ ಊರು ಬೆಳ್ಳಟ್ಟಿಗೆ ಹೋದೆವು. ಅವರ ತಂಗಿ ಊಟಕ್ಕೆ ಕೂಡಿಸಿದಳು. ರೊಟ್ಟಿ ಹಾಳೆಯಂತೆ ತೆಳ್ಳಗಿತ್ತು. ದುಃಖದ ಮನೆಯಲ್ಲಿ ಏನಾದರೂ ಹಗುರ ಮಾತಾಡೋಣ ಅಂತ ನಾನು, "ನೀವು ಇಷ್ಟ ಛಲೋ ಬಡೀತೀರಿ, ನಿಮ್ಮಕ್ಕಗ ಒಂದ ರೊಟ್ಟಿ ಬರಲಿಲ್ಲ ನೋಡ್ರಿ" ಅಂದೆ. ಅವಳು ನನ್ನ ಮುಖ ನೋಡಿದಳು.

"ಯಾರಿಗ್ರೀ, ನಮ್ಮಕ್ಕಗ? ನನಗ ಕಲಿಸಿದಾಕಿನ ಅಕಿ! ಊರಾಗ ಯಾರ ಮದುವಿ ಇದ್ರೂ ರೊಟ್ಟಿಗೆ ಮೊದಲ ಅಕೀನ್ನ ಕರೀತಿದ್ರು."

ಅತ್ತೆಯ ಕಡೆ ನೋಡಿದೆ. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಬಸ್ಸಿನಲ್ಲೂ ನಾನು ಆ ಮಾತು ಕೇಳಲಿಲ್ಲ.

ಕೇಳಿದ್ದು ಈ ಪಂಚಮಿಯ ಬೆಳಿಗ್ಗೆ, ಆ ಹರಿದ ರೊಟ್ಟಿ ಕೈಯಲ್ಲಿ ಹಿಡಿದುಕೊಂಡು. "ಅತ್ತೀ, ಇದನ್ನ ಬ್ಯಾರೆ ಇಡಲೇನ್ರಿ?"

"ಬ್ಯಾಡ. ಅದು ಅಕ್ಕಾರದು. ಎಲ್ಲಾದರ ಮ್ಯಾಲ ಇಡು."

"ಹಂಗಾರ ನಿಮಗ ಅವತ್ತ ಗೊತ್ತಿತ್ತೇನ್ರಿ?"

"ಅಕಿ ಹಿಟ್ಟ ನಾದಿದ್ದ ನೋಡಿದ್ನಲ್ಲ. ಹಂಗ ನಾದಿದಾಕಿ ರೊಟ್ಟಿ ಹರೀತೈತೇನ?" ಅತ್ತೆ ಮುಂದಿನ ಉಂಡೆ ತೆಗೆದುಕೊಂಡರು. "ನನ್ನ ಹೆಸರಿಲೆ ಹೋಗಬೇಕು ಅಂದಿದ್ದೆ. ನನ್ನ ಹೆಸರ ಉಳಿಸಾಕ ತನ್ನ ಹೆಸರ ಕೆಡಿಸಿಕೊಂಡ್ಲು, ಹುಚ್ಚಿ."

ಹುಚ್ಚಿ ಅನ್ನುವ ಮಾತು ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಯಾರೂ ಬಾಯಿಗೆ ತಂದಿರಲಿಲ್ಲ. ಅತ್ತೆ ಅದನ್ನು ಎಷ್ಟು ಪ್ರೀತಿಯಿಂದ ಅಂದರೆಂದರೆ ನನ್ನ ಕಣ್ಣು ತುಂಬಿ ಬಂತು. ಬುಟ್ಟಿ ಎತ್ತಿಕೊಂಡು ಓಣಿಗೆ ಇಳಿದೆ. ಆಯಿ ಈಗಿಲ್ಲ, ಅವಳ ಮನೆಯ ಹೊಸ ಸೊಸೆ ಬಾಗಿಲಿಗೆ ಬಂದಳು. ಬಟ್ಟೆ ಸರಿಸಿ, ಮೇಲಿದ್ದ ರೊಟ್ಟಿ ನೋಡಿ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು.

"ಇದ್ಯಾರ ಬಡದಾರ್ರೀ, ಇಷ್ಟ ಚಂದ?"

"ನಮ್ಮ ಅಕ್ಕಾರು" ಅಂದೆ. ಅವಳು ಮತ್ತಷ್ಟು ನಕ್ಕಳು, ನಾನೂ ನಕ್ಕೆ. ಅಕ್ಕಾರು ಇದ್ದಿದ್ದರೆ ನಮ್ಮಿಬ್ಬರಿಗಿಂತ ಜೋರಾಗಿ ಅವರೇ ನಗುತ್ತಿದ್ದರು.