ಪೈಪಿನ ಇನ್ನೊಂದು ತುದಿ ಹಿಡಿಯುವವರು

ಜನವರಿಯ ಬೆಳಗು, ಇನ್ನೂ ಕತ್ತಲು ಹರಿದಿಲ್ಲ. ಕಾಲೇಜಿನ ವ್ಯಾಯಾಮಶಾಲೆಯ ಹಿಂದಿನ ಮೈದಾನದಲ್ಲಿ ಮಾರ್ಲಿಸ್ ನೀಮಿ ರಬ್ಬರ್ ಬೂಟು ತೊಟ್ಟು ನಿಂತಿದ್ದಾರೆ. ಎದುರಿಗೆ ಹಲಗೆ ಬೇಲಿಯೊಳಗೆ ಅವರೇ ಕಟ್ಟಿದ ಐಸ್ ಅಂಗಣ. ಹಿಮ್ಮಡಿಯಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ಬೂಟು ಪಾದ ಮುಳುಗುವಷ್ಟು ಒಳಗೆ ಇಳಿದು, ಸುತ್ತ ನೀರು ಎದ್ದು ಬರುತ್ತದೆ. ಹಿಮ ಬೀಳಬೇಕಾದ ಹೊತ್ತಿನಲ್ಲಿ ಮಳೆ ಜಿನುಗುತ್ತಿದೆ.

"ಹೋಯ್ತು," ಅನ್ನುತ್ತಾರೆ. "ಈ ಸಲ ಕಟ್ಟೋದು, ಕರಗೋದು, ಬರೀ ಇದೇ ಆಯ್ತು."

ಉತ್ತರ ಮಿನೆಸೋಟದ ಈ ಊರಿನವರಿಗೆ ಹವಾಮಾನದ ಮಾತೆಂದರೆ ಊಟಕ್ಕಿಂತ ಹೆಚ್ಚು. ಆದರೆ ಜನವರಿಯಲ್ಲಿ ಮಳೆ ಬಂದ ದಿನ ಕಾಫಿ ಅಂಗಡಿಯಲ್ಲಿ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ಸಾವಿನ ಮನೆಗೆ ಹೋದವರಂತೆ ಸುಮ್ಮನೆ ಕುಡಿದು ಎದ್ದು ಹೋಗುತ್ತಾರೆ.

ಮಾರ್ಲಿಸ್‌ಗೆ ಅರವತ್ತು ದಾಟಿದೆ. ಕಾಲೇಜಿನ ಮನರಂಜನಾ ವಿಭಾಗದಲ್ಲಿ ಆಟದ ಸಾಮಾನು ಕೊಡುವ, ವಾಪಸು ತೆಗೆದುಕೊಳ್ಳುವ ಕೆಲಸ. ಚಳಿಗಾಲ ಬಂದರೆ ಬ್ರೂಂಬಾಲ್ ಅಂಗಣಕ್ಕೆ ನೀರು ಹಾಯಿಸುವುದೂ ಅವರದೇ. ಮಾಮೂಲಿ ಶೂ ಹಾಕಿಕೊಂಡೇ ಐಸಿನ ಮೇಲೆ ಓಡುತ್ತ, ಪೊರಕೆಯಂಥ ಕೋಲಿನಿಂದ ಚೆಂಡು ಹೊಡೆಯುವ ಆಟ ಇದು. ಬೀಳುವುದೇ ಅರ್ಧ ಆಟ. ಗಣಿತದವರ ತಂಡ, ಅಡುಗೆಮನೆಯವರ ತಂಡ, ಒಂದೇ ಒಂದು ಪಂದ್ಯವನ್ನೂ ಗೆಲ್ಲದೆ ಹಾಗೇ ಬೀಗುವ ಸಂಗೀತದವರ ತಂಡ, ಎಲ್ಲವೂ ಇಲ್ಲಿ ಬಿದ್ದೆದ್ದಿವೆ.

ಇದನ್ನು ಶುರು ಮಾಡಿದವರು ರೂಡಿ ಲಂಪಿನೆನ್. ನಲವತ್ತಕ್ಕೂ ಹೆಚ್ಚು ವರ್ಷ ಇಲ್ಲಿ ಮನರಂಜನಾ ನಿರ್ದೇಶಕರಾಗಿದ್ದವರು, ಕಳೆದ ಮಾರ್ಚಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಶ್ರದ್ಧಾಂಜಲಿ ಸಭೆಗೆ ಚರ್ಚು ಸಾಲಲಿಲ್ಲ. ಕಾಲೇಜಿನ ಅಧ್ಯಕ್ಷರು ರೂಡಿ ಕಟ್ಟಿದ ತಂಡಗಳ ಬಗ್ಗೆ, ತಂದ ಪಾರಿತೋಷಕಗಳ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ನೀರಿನ ಪೈಪಿನ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ. ಗೊತ್ತಿದ್ದವರು ಹಿಂದಿನ ಬೆಂಚುಗಳಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅದು ನಾಲ್ಕು ಜನರೆದುರು ಹೇಳಿಕೊಳ್ಳುವ ಸಂಗತಿಯಲ್ಲ.

ಐಸ್ ಕಟ್ಟುವುದು ನಸುಕಿನ ಕೆಲಸ, ಚಳಿ ಅತಿಯಾಗಿರುವ ಹೊತ್ತಿನದು. ನೀರ್ದೋಸೆ ಹುಯ್ದಷ್ಟು ತೆಳ್ಳಗೆ ನೀರು ಹರಡಬೇಕು. ಅದು ಗಟ್ಟಿಯಾದ ಮೇಲೆ ಇನ್ನೊಂದು ಪದರ, ಮತ್ತೊಂದು. ಒಬ್ಬರು ಪೈಪಿನ ಬಾಯಿ ಹಿಡಿದು ನಡೆಯುತ್ತಿದ್ದರೆ ಇನ್ನೊಬ್ಬರು ಹಿಂದಿನಿಂದ ಅದನ್ನು ಎಳೆಯುತ್ತಲೇ ಇರಬೇಕು. ನಿಂತರೆ ಪೈಪು ಅಲ್ಲೇ ಅಂಟಿಕೊಳ್ಳುತ್ತದೆ. ಆ ಇನ್ನೊಬ್ಬರನ್ನು ರೂಡಿ ಆರಿಸುತ್ತಿದ್ದ ರೀತಿಯೇ ಬೇರೆ.

"ತಂಡದೋರು ಬಂದು ಕೋಲು ಇಸ್ಕೊಳ್ತಾ, ಒಬ್ಬ ಬಂದಿಲ್ಲ, ರೂಮಲ್ಲಿ ಮಲಗಿದಾನೆ ಅಂತಿದ್ರು," ಮಾರ್ಲಿಸ್ ಹೇಳುತ್ತಾರೆ. "ಒಂದು ಸಲ ಆದ್ರೆ ರೂಡಿ ತಲೆ ಕೆಡಿಸ್ಕೊಳ್ತಿರ್ಲಿಲ್ಲ. ಮತ್ತೆ ಮತ್ತೆ ಅದೇ ಮಾತು ಬಂತು ಅನ್ನಿ, ಮಾರನೇ ದಿನ ಬೆಳಗಾಗೋಕೆ ಮುಂಚೆ ಆ ಹುಡುಗನ ಬಾಗಿಲ ಮುಂದೆ ಇರ್ತಿದ್ರು."

ಕ್ಲಾಸಿಗೆ ಹೋಗುವುದನ್ನು ಬಿಟ್ಟವರು, ಊಟ ಬಿಟ್ಟವರು, ಪರದೆ ಎಳೆದುಕೊಂಡು ಹಗಲೂ ರಾತ್ರಿಯೂ ಒಂದೇ ಮಾಡಿಕೊಂಡವರು. ಅಂಥವರ ಬಾಗಿಲು ತಟ್ಟಿ ರೂಡಿ ಹೇಳುತ್ತಿದ್ದುದು ಒಂದೇ ಮಾತು: ಪೈಪ್ ಎಳೆಯೋ ಹುಡುಗ ಕೈಕೊಟ್ಟ, ಸ್ವಲ್ಪ ಬಾ.

ಮಾರ್ಲಿಸ್ ಬಾಗಿಲಿಗೂ ಆ ಮಾತು ಬಂದಿತ್ತು. ಅವರು ಇಲ್ಲಿ ಓದುತ್ತಿದ್ದಾಗ ಅವರ ತಮ್ಮನೊಬ್ಬ ಮರ ಸಾಗಿಸುವ ಲಾರಿಗೆ ಸಿಕ್ಕಿ ಸತ್ತ. ಮಣ್ಣು ಮಾಡಿ ಬಂದವರು ಹಾಸಿಗೆ ಬಿಟ್ಟು ಏಳಲಿಲ್ಲ. "ಬೈಕೊಂಡೇ ಹೋದೆ. ಯಾವನೋ ಬರ್ಲಿಲ್ಲ ಅಂತ ನನಗ್ಯಾಕೆ ಶಿಕ್ಷೆ ಅಂತ. ರೂಡಿ ಒಂದು ಮಾತು ಕೇಳಲಿಲ್ಲ. ಬೆನ್ನು ಹಾಕಿ ನಡೀತಾನೇ ಇದ್ರು, ನಾನು ಎಳೀತಾನೇ ಇದ್ದೆ. ಮಾರನೇ ದಿನ ಬಂದ್ರು. ಅದರ ಮಾರನೇ ದಿನವೂ. ಒಂದು ದಿನ ನಾನೇ ಅಳೋಕೆ ಶುರು ಮಾಡಿದೆ. ಆಗಲೂ ಅವರು ಹಿಂದೆ ತಿರುಗಿ ನೋಡ್ಲಿಲ್ಲ. ಪೈಪ್ ಬಿಡಬೇಡ, ಅಂಟ್ಕೊಳ್ಳುತ್ತೆ ಅಂದ್ರು, ಅಷ್ಟೆ."

ಎಷ್ಟೋ ವರ್ಷಗಳ ಮೇಲೆ, ರೂಡಿಯ ಕೈಕೆಳಗೇ ಕೆಲಸಕ್ಕೆ ಸೇರಿದ ಮಾರ್ಲಿಸ್ ಕೇಳಿದರಂತೆ: ಪ್ರತಿ ವರ್ಷ ನಿಮಗೆ ಕೈಕೊಡೋ ಆ ಹುಡುಗ ಯಾರು, ಅವನನ್ನ ಕೆಲಸದಿಂದ ತೆಗೀಬಾರದಾ? ರೂಡಿ ಕಾಫಿ ಹೀರುತ್ತ, "ಅಂಥವನು ಇದ್ದಿದ್ರೆ ತೆಗೀಬಹುದಿತ್ತು," ಅಂದರಂತೆ. ಇದನ್ನು ಹೇಳುವಾಗ ಮಾರ್ಲಿಸ್ ನಗುತ್ತಾರೆ. ಆ ನಗು ಬೇಗ ಆರಿಹೋಗುತ್ತದೆ.

ರೂಡಿಯ ಹುದ್ದೆಯನ್ನು ತುಂಬಿಲ್ಲ. ಅದೀಗ ಯಾವುದೋ ಕ್ಷೇಮ ಕಚೇರಿಯ ಮೂಲೆಯಲ್ಲಿ ಸೇರಿಹೋಗಿದೆ. ಮನಸ್ಸಿಗೆ ಬೇಸರವಾದವರು ಫೋನಿನಲ್ಲಿ ಗುಂಡಿ ಒತ್ತಿ ಸರದಿಗೆ ಕಾಯಬಹುದು. ಹಾಸಿಗೆಯಿಂದ ಏಳಲಾಗದವರು ಗುಂಡಿ ಒತ್ತುತ್ತಾರೆಯೇ ಎಂದು ಕೇಳಿದವರಿಲ್ಲ. ಐಸ್ ನಿಲ್ಲುತ್ತಿಲ್ಲವಾದ್ದರಿಂದ ಬರುವ ಬೇಸಿಗೆಯಲ್ಲಿ ಈ ಮೈದಾನಕ್ಕೆ ಡಾಂಬರು ಹಾಕಿ ಕಾರು ನಿಲ್ಲಿಸಲು ಕೊಡುತ್ತಾರೆ.

"ಆಟ ಹೋದ್ರೆ ಹೋಗ್ಲಿ," ಅನ್ನುತ್ತಾರೆ ಮಾರ್ಲಿಸ್. "ತಂಡಾನೇ ಇಲ್ಲ ಅಂದ್ಮೇಲೆ ಯಾರು ಬಂದಿಲ್ಲ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಗೊತ್ತಾದ್ರೂ ಏನಂತ ಬಾಗಿಲು ತಟ್ಲಿ? ನಾನೇನು ಡಾಕ್ಟರಾ, ಪಾದ್ರಿಯಾ? ಸಾಮಾನು ಕೊಡೋ ಹೆಂಗಸು."

ಈ ಚಳಿಗಾಲದಲ್ಲಿ ಒಂದು ಬಾಗಿಲು ಅವರಿಗೆ ಗೊತ್ತಿತ್ತು. ಪಶ್ಚಿಮದ ಬೀಟ್‌ರೂಟ್ ಹೊಲಗಳ ಕಡೆಯಿಂದ ಬಂದ ನೋಲನ್ ಎಂಬ ಎರಡನೇ ವರ್ಷದ ಹುಡುಗ. ಡಿಸೆಂಬರಿನ ಎರಡು ಪಂದ್ಯಗಳಿಗೆ ಅವನ ತಂಡ ಒಬ್ಬ ಕಡಿಮೆಯಾಗಿಯೇ ಬಂತು. ರಜೆ ಮುಗಿದು ಚಳಿ ಬಿಗಿಯಾದ ಕೂಡಲೇ ಮಾರ್ಲಿಸ್ ಹೋಗಿ ರೂಡಿಯ ಮಾತನ್ನೇ ಹೇಳಿದರು. ಹುಡುಗ ಗೊಣಗುತ್ತ ಬಂದ. ಮೊದಲ ಬೆಳಿಗ್ಗೆ ನೆಲ ನೋಡುತ್ತಲೇ ಪೈಪು ಎಳೆದ. ಮರುದಿನ, "ನೀವು ಬಹಳ ನಿಧಾನ ನಡೀತೀರ," ಎಂದು ಆಡಿಕೊಂಡ. ಆ ಮಾತು ಕೇಳಿ ಮಾರ್ಲಿಸ್‌ಗೆ ಜೀವ ಬಂದ ಹಾಗಾಯಿತು. ಮೂರನೆಯ ದಿನ ಮಳೆ ಹಿಡಿಯಿತು.

ಮಳೆಯಲ್ಲೇ ಒಂದು ಸಲ ಹೋಗಿ ತಟ್ಟಿದರು. "ಐಸೇ ಇಲ್ವಲ್ಲ, ಯಾಕೆ ಬಂದ್ರಿ?" ಎಂದು ಅವನು ಒಳಗಿನಿಂದಲೇ ಕೇಳಿದ. ಮಾರ್ಲಿಸ್ ಬಂದ ದಾರಿಯಲ್ಲೇ ಮರಳಿದರು. ರೂಡಿ ಆಗಿದ್ದರೆ ಏನಾದರೂ ಹೇಳುತ್ತಿದ್ದರು. ಅದೇನೆಂದು ಮಾರ್ಲಿಸ್ ಇನ್ನೂ ಹುಡುಕುತ್ತಿದ್ದಾರೆ.

ಈ ಬೆಳಿಗ್ಗೆ ಹಾಸ್ಟೆಲಿನ ಮುಂದೆ ಮಣ್ಣು ಮೆತ್ತಿದ ಪಿಕಪ್ ಗಾಡಿ ನಿಂತಿದೆ. ನೋಲನ್‌ನ ಅಪ್ಪ ರಾತ್ರಿಯಿಡೀ ಗಾಡಿ ಓಡಿಸಿಕೊಂಡು ಮಗನನ್ನು ಕರೆದೊಯ್ಯಲು ಬಂದಿದ್ದಾರೆ. ಹುಡುಗ ಮುಂದಿನ ಸೀಟಿನಲ್ಲಿ ಟೋಪಿ ಮುಖಕ್ಕೆ ಎಳೆದುಕೊಂಡು ಕೂತಿದ್ದಾನೆ. ಮಾರ್ಲಿಸ್ ಹೋಗಿ ಒಂದು ಪೆಟ್ಟಿಗೆ ಎತ್ತಿಕೊಡುತ್ತಾರೆ.

"ನೀವು ಹಾಸ್ಟೆಲಿನೋರಾ?" ಅಪ್ಪ ಕೇಳುತ್ತಾರೆ.

"ಅಲ್ಲ. ನಾನು ಐಸ್ ಕಟ್ಟೋಳು."

ಅಪ್ಪ ನೀರು ನಿಂತ ಮೈದಾನದ ಕಡೆ ಒಮ್ಮೆ ನೋಡಿ, ಪೆಟ್ಟಿಗೆಯನ್ನು ಗಾಡಿಯ ಹಿಂದೆ ಇಡುತ್ತಾರೆ.

"ಮನೇಲಿ ಬೆಳಗಾಗೋಕೆ ಮುಂಚೆ ಅವನ ಬಾಗಿಲು ತಟ್ಟಿ," ಮಾರ್ಲಿಸ್ ದನಿ ತಗ್ಗಿಸುತ್ತಾರೆ. "ಹೇಗಿದೀಯ ಅಂತ ಮಾತ್ರ ಕೇಳಬೇಡಿ. ಹೊಲದಲ್ಲಿ ಕೆಲಸ ಇದೆ, ಒಬ್ಬನ ಕೈಲಿ ಆಗ್ತಿಲ್ಲ, ಬಾ ಅನ್ನಿ."

"ಈಗೆಂಥ ಕೆಲಸ, ಮೇಡಂ? ಬೆಳೆ ಎತ್ತಿ ಆಯ್ತು. ಹೊಲ ಖಾಲಿ ಬಿದ್ದಿದೆ."

"ಗೊತ್ತು," ಅನ್ನುತ್ತಾರೆ ಮಾರ್ಲಿಸ್. "ಸುಳ್ಳು ಹೇಳಿ."